ಕೊಡಗಲ್ಲಿ ಕೋಚ್, ಜಿಮ್ ಟ್ರೈನರ್ ಆಗ್ಬೇಕಾ? ಫೀಸ್ ಕಟ್ಟೋ ಮುಂಚೆ ಇದನ್ನ ಓದಿ

ನಮ್ಮ ಕಡೆ ಹಾಕಿ ಸ್ಟಿಕ್ ಹಿಡಿಯದ ಮಕ್ಕಳು ಕಮ್ಮಿ, 1997ರಲ್ಲಿ ಕರಡದಲ್ಲಿ ಶುರುವಾದ, ಕೊಡವ ಮನೆತನಗಳು ಟೀಮ್ ಕಟ್ಕೊಂಡು ಆಡೋ ಕೊಡವ ಹಾಕಿ ಹಬ್ಬ ನೋಡ್ಕೊಂಡೇ ಬೆಳೆದವರು, ಅದಕ್ಕೇ ಪಿಯುಸಿ ಮುಗಿದ ತಕ್ಷಣ 'ಹೆಂಗೂ ಆಟ ಬರುತ್ತೆ, ಕೋಚ್ ಆಗ್ತೀನಿ' ಅಂತ ಸಲೀಸಾಗಿ ಹೇಳ್ಬಿಡ್ತಾರೆ. ಆಟ ಬರೋದೇ ಬೇರೆ, ಕಲಿಸೋಕೆ ಬರೋದೇ ಬೇರೆ ಮಾರಾಯ್ರೆ. ಎಂ.ಪಿ. ಗಣೇಶ್ 1973ರ ಹಾಕಿ ವಿಶ್ವಕಪ್ಪಲ್ಲಿ ಭಾರತದ ಕ್ಯಾಪ್ಟನ್, ಆಮೇಲೆ ಟೀಮಿನ ಕೋಚೂ ಆದ್ರು, ಆದ್ರೆ ಎಲ್ಲರಿಗೂ ಎರಡೂ ಕೂಡಿ ಬರಲ್ಲ.

ನಂಗೆ ಗೊತ್ತಾಗಿದ್ದು ಒಂದು ಬೇಸಿಗೆ ಕ್ಯಾಂಪಲ್ಲಿ. ಎಂಟು ವರ್ಷದ ಹುಡುಗಿ ಬಾಲ್ ತಿರುಗಿಸೋಕೆ ಹೋದಾಗೆಲ್ಲ ಜಾರಿ ಹೋಗ್ತಿತ್ತು. ನಾನು 'ಹಿಂಗೆ ಮಾಡು, ಹಿಂಗೆ' ಅಂತ ಹತ್ತು ಸಲ ಮಾಡಿ ತೋರಿಸ್ದೆ, ಅವಳು ಅಳೋಕೆ ಶುರು ಮಾಡಿದ್ಲು. ಪಕ್ಕದಲ್ಲಿದ್ದ ಹಳೇ ಕೋಚ್ ಬಂದು 'ಬಲಗೈ ಸಡಿಲ ಬಿಡು ಮಗಾ, ಸ್ಟಿಕ್ ತಿರುಗಿಸೋದು ಎಡಗೈ' ಅಂದ್ರು ಅಷ್ಟೇ, ಎರಡೇ ನಿಮಿಷದಲ್ಲಿ ಬಂತು. ವರ್ಷಗಟ್ಟಲೆ ನಾನು ಮಾಡ್ತಾ ಇದ್ದಿದ್ದೇ ಅದು, ಬಾಯಲ್ಲಿ ಹೇಳೋಕೆ ಮಾತ್ರ ಗೊತ್ತಿರ್ಲಿಲ್ಲ.

ಹಂಗಾಗಿ ಮೊದಲ ಕೆಲಸ, ಏಪ್ರಿಲ್ ಮೇನಲ್ಲಿ ಹತ್ತಿರದ ಯಾವ್ದಾದ್ರೂ ಕ್ಯಾಂಪಿಗೆ ಸಂಬಳ ಕೇಳದೆ ಹೆಲ್ಪರ್ ಆಗಿ ಹೋಗಿ. ಬೆಳಿಗ್ಗೆ ಆರಕ್ಕೆ ಕೋನ್ ಇಡೋದು, ಅಟೆಂಡೆನ್ಸ್ ಹಾಕೋದು, 'ನನ್ ಮಗನ್ನ ಯಾಕೆ ಫಾರ್ವರ್ಡ್ ಆಡಿಸಲ್ಲ' ಅಂತ ಬರೋ ಅಪ್ಪಂದಿರಿಗೆ ಉತ್ತರ ಕೊಡೋದು, ಒಂದು ತಿಂಗಳು ಇಷ್ಟು ಮಾಡಿದ್ಮೇಲೂ ಬೇಜಾರಾಗ್ಲಿಲ್ಲ ಅಂದ್ರೆ ಮುಂದೆ ಯೋಚನೆ ಮಾಡಿ.

ಆಮೇಲೆ ದಾರಿ ಆರಿಸ್ಕೊಳ್ಳಿ. ಸ್ಕೂಲಲ್ಲಿ ಪಿಟಿ ಟೀಚರ್ ಆಗ್ಬೇಕು ಅಂದ್ರೆ ಡಿಗ್ರಿ ಆದ್ಮೇಲೆ 2 ವರ್ಷದ ಬಿಪಿಎಡ್ (ದೈಹಿಕ ಶಿಕ್ಷಣದ ಡಿಗ್ರಿ), ಕಾಲೇಜಲ್ಲಿ ಫಿಸಿಕಲ್ ಡೈರೆಕ್ಟರ್ ಅಂದ್ರೆ ಎಂಪಿಎಡ್ (ಅದೇ ವಿಷಯದ ಮಾಸ್ಟರ್ಸ್), ಜೊತೆಗೆ ನೆಟ್ ಅಥವಾ ಕೆಸೆಟ್ ಅನ್ನೋ ಅರ್ಹತಾ ಪರೀಕ್ಷೆ. ಒಂದೇ ಆಟದ ಕೋಚ್ ಆಗ್ಬೇಕು ಅನ್ನೋರಿಗೆ 1961ರಲ್ಲಿ ಶುರುವಾದ, ಕೋಚ್ ಆಗೋರಿಗೆ ತರಬೇತಿ ಕೊಡೋ ಸರ್ಕಾರಿ ಸಂಸ್ಥೆ ಪಟಿಯಾಲದ ಎನ್‌ಐಎಸ್ ಇದೆ, ಅಲ್ಲಿ ಒಂದು ವರ್ಷದ ಡಿಪ್ಲೊಮಾ, ಆರು ವಾರದ ಸರ್ಟಿಫಿಕೇಟ್ ಕೋರ್ಸೂ ಇದೆ. ಡಿಪ್ಲೊಮಾಗೆ ನೀವು ಯಾವ ಮಟ್ಟದಲ್ಲಿ ಆಡಿದೀರ ಅನ್ನೋದನ್ನೂ ನೋಡ್ತಾರೆ. ಫಿಸಿಯೋ ಆಗೋ ಆಸೆ ಇದ್ರೆ ಪಿಯುಸಿಲೇ ಸೈನ್ಸ್ ತಗೊಂಡಿರ್ಬೇಕು, ಬಯಾಲಜಿ ಬಿಟ್ರೆ ಆ ಬಾಗಿಲು ಅಲ್ಲೇ ಮುಚ್ಚುತ್ತೆ.

ಜಿಮ್ ಲೈನಲ್ಲೇ ಮೋಸ ಹೋಗೋದು ಜಾಸ್ತಿ, ನಾನೂ ಹೋದೆ. ಎರಡು ದಿನದ ಕೋರ್ಸಿಗೆ ದುಡ್ಡು ಕಟ್ಟಿ ಚಿನ್ನದ ಅಕ್ಷರದ ಸರ್ಟಿಫಿಕೇಟ್ ತಂದೆ, ಜಿಮ್ ಓನರ್ ಅದನ್ನ ನೋಡೂ ಇಲ್ಲ, 'ಮಂಡಿ ನೋವಿರೋ ಆಂಟಿ ಬಂದ್ರೆ ಏನ್ ಮಾಡಿಸ್ತೀಯ' ಅಂತ ಕೇಳಿದ್ರು, ನಾನು ಸ್ಕ್ವಾಟ್ ಅಂದೆ. (ನೋವು ಯಾವಾಗಿಂದ, ಬಾವು ಇದೆಯಾ, ಡಾಕ್ಟ್ರಿಗೆ ತೋರಿಸಿದಾರಾ ಅಂತ ಮೊದ್ಲು ಕೇಳ್ಬೇಕಿತ್ತು.) ಪ್ರಾಕ್ಟಿಕಲ್ ಪರೀಕ್ಷೆ ಇಲ್ಲದ, ಅನಾಟಮಿ ಕಲಿಸದ, ಸಿಪಿಆರ್ (ಎದೆಬಡಿತ ನಿಂತವರಿಗೆ ಮಾಡೋ ತುರ್ತು ಚಿಕಿತ್ಸೆ) ಹೇಳಿಕೊಡದ ಕೋರ್ಸಿಗೆ ಒಂದು ರೂಪಾಯೂ ಕಟ್ಬೇಡಿ. ಸ್ಟ್ರೆಂತ್ ಅಂಡ್ ಕಂಡೀಷನಿಂಗ್ (ಆಟಗಾರರ ಶಕ್ತಿ, ಫಿಟ್ನೆಸ್ ಬೆಳೆಸೋ ಕೆಲಸ) ಕಡೆ ದೊಡ್ಡದಾಗಿ ಬೆಳೀಬೇಕು ಅನ್ನೋರಿಗೆ ಅಮೆರಿಕದ ಸಿಎಸ್‌ಸಿಎಸ್ ಪರೀಕ್ಷೆ ಇದೆ, ಆದ್ರೆ ಅದಕ್ಕೂ ಡಿಗ್ರಿ ಬೇಕು.

ಇನ್ನು ಸಂಪಾದನೆ. ಬೆಂಗಳೂರಿನ ಲೆಕ್ಕ ಇಲ್ಲಿ ಹಾಕ್ಬೇಡಿ, ಜೂನಲ್ಲಿ ಮಳೆ ಹಿಡಿದ್ರೆ ಗ್ರೌಂಡೆಲ್ಲ ಗದ್ದೆ, ಸೆಪ್ಟೆಂಬರ್ ತನಕ ಹೊರಗಿನ ಬ್ಯಾಚ್ ನಡೆಸೋದು ಕಷ್ಟ, ಕಾಫಿ ಕೊಯ್ಲು ಟೈಮಲ್ಲಿ ತೋಟದವರು ಯಾರೂ ಬರಲ್ಲ. ಅದಕ್ಕೆ ಎರಡು ಕಾಲು ಊರ್ಕೊಳ್ಳಿ, ಮಳೆಗಾಲಕ್ಕೆ ಗೋಣಿಕೊಪ್ಪ ಕುಶಾಲನಗರ ಕಡೆ ಜಿಮ್ ಕೆಲಸ, ಮಳೆ ಬಿಟ್ಮೇಲೆ ಗ್ರೌಂಡು. ನನ್ ಪ್ರಕಾರ ಇಲ್ಲಿ ಒಳ್ಳೇ ಕೆಲಸ ಇರೋದು ಮಿಲಿಟರಿ, ಪೊಲೀಸ್ ಸೆಲೆಕ್ಷನ್ನಿಗೆ ಹುಡುಗರನ್ನ ತಯಾರು ಮಾಡೋದ್ರಲ್ಲಿ. ಆ ಸೆಲೆಕ್ಷನ್ನಿನ 1600 ಮೀಟರ್ ಓಟಕ್ಕೆ ದಿನಾ ಫುಲ್ ಸ್ಪೀಡಲ್ಲಿ ಓಡಿ ಮೊಣಕಾಲ ಕೆಳಗೆ ನೋವು ಮಾಡ್ಕೊಂಡು ಬರೋರು ಎಷ್ಟೋ ಜನ, ವಾರದಲ್ಲಿ ಎರಡು ದಿನ ಮಾತ್ರ ಜೋರು, ಉಳಿದ ದಿನ ನಿಧಾನ ಓಟ ಅಥವಾ ರೆಸ್ಟ್ ಅಂತ ಹೇಳಿ ಅದನ್ನ ಕೇಳಿಸೋ ಟ್ರೈನರ್ ಸಿಕ್ಕಿದ್ರೆ ಹುಡುಗರು ಬಿಡಲ್ಲ.

ಇನ್ನೊಂದು, ಆಡಿದ ಪ್ರತಿ ಟೂರ್ನಮೆಂಟ್ ಸರ್ಟಿಫಿಕೇಟನ್ನ ಇವತ್ತೇ ಸ್ಕ್ಯಾನ್ ಮಾಡಿಟ್ಕೊಳ್ಳಿ. ಅಡ್ಮಿಷನ್ನಿಗೆ ಅದೇ ಕೇಳೋದು, ನನ್ದು ಜಿಲ್ಲಾ ಮಟ್ಟದ್ದು ಅಟ್ಟದ ಪೆಟ್ಟಿಗೇಲಿ ಒಂದು ಮಳೆಗಾಲ ಕಳೆಯೋದ್ರೊಳಗೆ ಬೂಷ್ಟು ಹಿಡಿದು ಸೀಲೇ ಕಾಣದ ಹಾಗಾಗಿತ್ತು.