ಲಾಸ್ ಬ್ರುಹಾಸ್‌ನ ದೆವ್ವವನ್ನು ಫೈಲುಗಳಲ್ಲಿ ಹುಡುಕಿದ ಕಥೆ

ಜಿಟಿಎ ಸ್ಯಾನ್ ಆಂಡ್ರಿಯಾಸ್ ಎಂಬ ವಿಡಿಯೋ ಗೇಮ್ ಆಡಿದವರಿಗೆ ಮರುಭೂಮಿಯ ಪಾಳು ಊರುಗಳು ಗೊತ್ತೇ ಇರುತ್ತವೆ. ಬೋನ್ ಕೌಂಟಿಯಲ್ಲಿ ಲಾಸ್ ಬ್ರುಹಾಸ್, ಟಿಯೆರಾ ರೊಬಾಡಾದಲ್ಲಿ ಆಲ್ಡೆಯಾ ಮಾಲ್ವಾಡಾ. ಆಟದ ಕಥೆಗೂ ಈ ಊರುಗಳಿಗೂ ಹೇಳಿಕೊಳ್ಳುವಂಥ ಸಂಬಂಧವಿಲ್ಲ. ಒಂದಷ್ಟು ಮುರುಕಲು ಗೋಡೆ, ಸುತ್ತ ಮರಳು, ಅಷ್ಟೇ. ಆದರೆ ಸ್ಪ್ಯಾನಿಷ್‌ನಲ್ಲಿ ಮೊದಲನೆಯದರ ಹೆಸರಲ್ಲೇ ಮಾಟಗಾತಿಯರಿದ್ದಾರೆ, ಎರಡನೆಯದು ಕೇಡಿನ ಹಳ್ಳಿ, ಲಾಸ್ ಬ್ರುಹಾಸ್‌ಗೆ ಅಂಟಿಕೊಂಡೇ ಇರುವ ಜಾಗದ ಹೆಸರು ಸೈತಾನನ ಕೋಟೆ. ಇಷ್ಟೆಲ್ಲ ಹೆಸರಿಟ್ಟು ಊರು ಖಾಲಿ ಬಿಟ್ಟರೆ ಆಡುವವರು ಸುಮ್ನೆ ಇರ್ತಾರಾ?

ನಾನು ಈ ಆಟಕ್ಕೆ ಚಿಕ್ಕಪುಟ್ಟ ಮಾಡ್‌ಗಳನ್ನು, ಅಂದರೆ ಫೈಲು ತಿದ್ದಿ ಆಟವನ್ನು ಬದಲಿಸುವ ತುಣುಕುಗಳನ್ನು, ಮಾಡುತ್ತಿದ್ದೆ. ಕಾರು ಬದಲಿಸುವುದು, ಖಾಲಿ ಜಾಗದಲ್ಲಿ ಮನೆ ಇಡುವುದು, ಇಂಥವು. ಫೈಲುಗಳ ಒಳಗೆ ಓಡಾಡಿ ಅಭ್ಯಾಸವಿದ್ದದ್ದರಿಂದ ದೆವ್ವದ ಸುದ್ದಿ ಬಂದಾಗಲೆಲ್ಲ ಸ್ನೇಹಿತರು ನನಗೆ ಕಳಿಸುತ್ತಿದ್ದರು. ರಾತ್ರಿ ಒಬ್ಬ ಮುದುಕಿ ನಿಲ್ಲುತ್ತಾಳಂತೆ. ಕಿಟಕಿಯಲ್ಲಿ ಮುಖ ಕಂಡಿತಂತೆ. ಮರಳುಗಾಳಿ ಎದ್ದಾಗ ಯಾರೋ ಹಿಂದೆ ಬಂದು, ತಿರುಗಿದರೆ ಮಾಯವಂತೆ. ಒಂದು ಹಂತದಲ್ಲಿ ಇದನ್ನೆಲ್ಲ ಸರಿಯಾಗಿ ನೋಡಿಬಿಡೋಣ ಅನ್ನಿಸಿತು.

ಮೊದಲು ಮಾಡಿದ ಕೆಲಸ, ಪ್ರತಿ ಕಥೆಯನ್ನೂ ಒಂದು ಪ್ರಶ್ನೆಯಾಗಿ ಬದಲಿಸಿದ್ದು. ಮುದುಕಿ ನಿಲ್ಲುತ್ತಾಳೆ ಅಂದರೆ ಆಕೆಗೊಂದು ಮಾಡೆಲ್, ಅಂದರೆ ಆಕೃತಿ ಬೇಕು, ಆಕೆಯನ್ನು ಅಲ್ಲಿ ನಿಲ್ಲಿಸುವ ಒಂದು ಸಾಲು ಬೇಕು, ನಿಲ್ಲುವ ಜಾಗದ ಅಂಕಿ ಬೇಕು. ಈ ಮೂರೂ ಇಲ್ಲದೆ ಆಟದಲ್ಲಿ ಯಾರೂ ನಿಲ್ಲಲಾರರು, ದೆವ್ವವೂ ನಿಲ್ಲಲಾರದು. ಹೀಗೆ ಕೇಳಲು ಬರುವ ಕಥೆಗಳನ್ನು ಮಾತ್ರ ಕೈಗೆತ್ತಿಕೊಂಡೆ. "ಅಲ್ಲಿ ಹೋದರೆ ಏನೋ ಒಂಥರಾ ಆಗುತ್ತೆ" ಅನ್ನುವುದನ್ನು ಬಿಟ್ಟೆ. ನನಗೂ ಆಗುತ್ತೆ, ಅದಕ್ಕೆ ಫೈಲ್ ಇಲ್ಲ.

ಜಾಗದಿಂದ ಶುರು ಮಾಡೋಣ. ಆಟದ ನಕ್ಷೆ ಎರಡೂ ದಿಕ್ಕಿಗೆ ಮೈನಸ್ 3000ರಿಂದ 3000ದವರೆಗೆ ಹರಡಿದ ಒಂದು ಚೌಕ. ಪ್ರತಿ ಊರಿಗೂ ಅದರಲ್ಲಿ ಒಂದು ಪೆಟ್ಟಿಗೆಯಷ್ಟು ಜಾಗ. ಆ ಪೆಟ್ಟಿಗೆಯೊಳಗೆ ಕಾಲಿಟ್ಟಾಗಲೇ ಪರದೆಯ ಮೂಲೆಯಲ್ಲಿ ಊರಿನ ಹೆಸರು ಬರುವುದು. ಲಾಸ್ ಬ್ರುಹಾಸ್ ಪೆಟ್ಟಿಗೆ ಪೂರ್ವ ಪಶ್ಚಿಮವಾಗಿ ಸುಮಾರು ಮೈನಸ್ 365ರಿಂದ ಮೈನಸ್ 208, ದಕ್ಷಿಣೋತ್ತರವಾಗಿ 2123ರಿಂದ 2217. ಅಂದರೆ ಉದ್ದ ಹತ್ತಿರ ಹತ್ತಿರ 157, ಅಗಲ 95. ಒಂದು ಯೂನಿಟ್ ಒಂದು ಮೀಟರ್ ಅಂತ ಲೆಕ್ಕ. ಇಷ್ಟು ಪುಟ್ಟ ಜಾಗ. ಉತ್ತರದ ಗೆರೆ ದಾಟಿದರೆ ಎಲ್ ಕಾಸ್ಟಿಯೊ ಡೆಲ್ ಡಿಯಾಬ್ಲೊ, ಅದೇ ಸೈತಾನನ ಕೋಟೆ, ಶುರು. ಆಲ್ಡೆಯಾ ಮಾಲ್ವಾಡಾ ಇನ್ನೂ ಚಿಕ್ಕದು, 95ಕ್ಕೆ 117.

ಇದು ಗೊತ್ತಾದ ಮೇಲೆ ಕೆಲಸ ಸುಲಭ. ಈ ಪೆಟ್ಟಿಗೆಯೊಳಗೆ ಬೀಳುವ ಅಂಕಿಗಳನ್ನೆಲ್ಲ ಹೆಕ್ಕಿ ತೆಗೆಯುವ ಒಂದು ಸಣ್ಣ ಪ್ರೋಗ್ರಾಂ ಬರೆದೆ. ವಸ್ತುಗಳನ್ನು ಎಲ್ಲೆಲ್ಲಿ ಇಡಬೇಕು ಅಂತ ಹೇಳುವುದು ಐಪಿಎಲ್ ಫೈಲುಗಳು. ಇಲ್ಲೊಂದು ತಿರುವಿದೆ. ಡೇಟಾ ಫೋಲ್ಡರಿನಲ್ಲಿ ನೋಟ್‌ಪ್ಯಾಡ್‌ನಲ್ಲೇ ತೆರೆಯಬಹುದಾದ ಐಪಿಎಲ್ ಫೈಲುಗಳಿವೆ. ಅಷ್ಟನ್ನೇ ನೋಡಿ "ಊರು ಪೂರ್ತಿ ಹುಡುಕಿದೆ" ಅನ್ನುವವರು ಜಾಸ್ತಿ. ಆದರೆ ಹತ್ತಿರ ಹೋದಾಗ ಮಾತ್ರ ಲೋಡ್ ಆಗುವ ವಸ್ತುಗಳ ಪಟ್ಟಿ ಜಿಟಿಎ3 ಡಾಟ್ ಐಎಂಜಿ ಎಂಬ ದೊಡ್ಡ ಫೈಲಿನೊಳಗೆ, ಬೈನರಿ ರೂಪದಲ್ಲಿದೆ. ಅಲ್ಲಿ ಒಂದೊಂದು ವಸ್ತುವಿಗೂ 40 ಬೈಟ್. ಜಾಗಕ್ಕೆ ಮೂರು ಅಂಕಿ, ಯಾವ ಕಡೆ ತಿರುಗಿದೆ ಅನ್ನುವುದಕ್ಕೆ ನಾಲ್ಕು, ಮಾಡೆಲ್ ನಂಬರ್, ಒಳಾಂಗಣದ ನಂಬರ್, ದೂರದಿಂದ ಕಾಣುವ ಒರಟು ರೂಪ ಯಾವುದು ಎಂಬ ಗುರುತು. ನಿಂತಿರುವ ಕಾರುಗಳ ಪಟ್ಟಿಯೂ ಇಂಥ ಫೈಲುಗಳಲ್ಲಿರುತ್ತದೆ. ಒಂದೊಂದನ್ನೂ ಬಿಚ್ಚಿ ಓದಿದಾಗ ಬಂದದ್ದು ಕಟ್ಟಡದ ತುಂಡು, ಗಿಡ, ಬಂಡೆ. ಮುದುಕಿ ಬರಲಿಲ್ಲ.

ಕಿಟಕಿಯ ಮುಖದ ಉತ್ತರ ಮಾತ್ರ ಇಲ್ಲೇ ಸಿಕ್ಕಿತು. ದೂರದಿಂದ ನೋಡುವಾಗ ಕಟ್ಟಡದ ಒರಟು ರೂಪ ಕಾಣುತ್ತದೆ, ಹತ್ತಿರ ಹೋದಾಗ ಅಸಲಿ ರೂಪ ಬಂದು ಕೂರುತ್ತದೆ. ಆ ಕ್ಷಣದಲ್ಲಿ ಗೋಡೆಯ ಕಲೆ, ಕಿಟಕಿಯ ಕಪ್ಪು, ಎಲ್ಲ ಒಂಚೂರು ಕದಲುತ್ತವೆ. ಹೆದರಿಕೊಂಡೇ ನೋಡುವ ಕಣ್ಣಿಗೆ ಅದು ಮುಖ. ಈ ಆಟ ಮೊದಲು ಬಂದ ಗೇಮ್ ಯಂತ್ರ ಪ್ಲೇಸ್ಟೇಷನ್ 2ರಲ್ಲಿ ಮುಖ್ಯ ಮೆಮೊರಿ ಇದ್ದದ್ದೇ 32 ಎಂಬಿ. ಇಷ್ಟು ದೊಡ್ಡ ನಕ್ಷೆಯನ್ನು ತುಂಡು ತುಂಡಾಗಿ ತಂದು ಬಿಸಾಡದೆ ಬೇರೆ ದಾರಿಯೇ ಇರಲಿಲ್ಲ.

ಆಮೇಲೆ ಜನ. ಆಟದ ಮನುಷ್ಯರ ಪಟ್ಟಿ ಪೆಡ್ಸ್ ಡಾಟ್ ಐಡಿಇ ಫೈಲಿನಲ್ಲಿದೆ. ಅದನ್ನು ಒಂದೊಂದೇ ಸಾಲಾಗಿ ಓದಬಹುದು, ಬೇಜಾರಾದರೂ ಮುಗಿಯುತ್ತದೆ. ಅದರಲ್ಲಿ 290ರಿಂದ 299ರವರೆಗಿನ ಹತ್ತು ನಂಬರುಗಳು ಖಾಲಿ ಕುರ್ಚಿ ಇದ್ದಂತೆ. ಮಿಷನ್, ಅಂದರೆ ಆಟದಲ್ಲಿ ಮುಗಿಸಬೇಕಾದ ಒಂದು ಕೆಲಸ, ಬಂದಾಗ ಬೇಕಾದ ಪಾತ್ರವನ್ನು ಹೆಸರಿನಿಂದ ಕರೆದು ಅಲ್ಲಿ ಕೂರಿಸುತ್ತಾರೆ. ಹಾಗಾಗಿ ಪಟ್ಟಿಯಲ್ಲಿ ಇಲ್ಲದ ಮಾಡೆಲ್ ಕೂಡ ಆಟದಲ್ಲಿ ಕಾಣಿಸಬಹುದು. ದೆವ್ವ ನಂಬುವವರ ಈ ವಾದ ಗಟ್ಟಿಯೇ. ಅದಕ್ಕೇ ಐಎಂಜಿ ಫೈಲುಗಳ ಒಳಗಿನ ಮಾಡೆಲ್‌ಗಳನ್ನೂ ತೆರೆದು ನೋಡಬೇಕು, ಆಟದ ನಡುವೆ ಸಿನಿಮಾದಂತೆ ಬರುವ ಕಟ್‌ಸೀನ್‌ಗಳದ್ದು ಬೇರೆ ಫೈಲ್, ಅದನ್ನೂ ಬಿಡಬಾರದು. ಆಟದ ಕಾಡಿನಲ್ಲಿ ಬಿಗ್‌ಫುಟ್ ಎಂಬ ದೈತ್ಯ ವಾನರ ಇದೆ ಅಂತ ಹುಡುಕಿದವರೂ ಇದೇ ದಾರಿ ಹಿಡಿದು, ನನ್ನಂತೆಯೇ ಏನೂ ಸಿಗದೆ ಗೋಡೆಗೆ ಬಂದು ನಿಂತರು.

ಕೊನೆಯದು ಸ್ಕ್ರಿಪ್ಟ್, ಆಟದಲ್ಲಿ ಯಾವಾಗ ಏನಾಗಬೇಕು ಅಂತ ಹೇಳುವ ಆದೇಶಗಳ ಪಟ್ಟಿ. ಮೇನ್ ಡಾಟ್ ಎಸ್‌ಸಿಎಂ ಫೈಲನ್ನು ಸ್ಯಾನಿ ಬಿಲ್ಡರ್ ಎಂಬ ಟೂಲಿನಲ್ಲಿ ಬಿಚ್ಚಿದರೆ ಇಡೀ ಆಟದ ಮಿಷನ್‌ಗಳು ಓದಲು ಬರುವ ಸಾಲುಗಳಾಗಿ ಸಿಗುತ್ತವೆ. ಉದ್ದ ಎಷ್ಟೆಂದರೆ ಸ್ಕ್ರೋಲ್ ಮಾಡಿ ಮಾಡಿ ಬೆರಳು ನೋಯುತ್ತದೆ. ಮನುಷ್ಯನನ್ನು ಸೃಷ್ಟಿಸುವ ಆದೇಶದ ನಂಬರ್ 009ಎ. ಆ ಸಾಲುಗಳನ್ನೆಲ್ಲ ಹೆಕ್ಕಿ ಎರಡೂ ಊರಿನ ಪೆಟ್ಟಿಗೆಯೊಂದಿಗೆ ತಾಳೆ ನೋಡಿದೆ. ರಾತ್ರಿ ಇಷ್ಟು ಗಂಟೆಗೆ ಇಲ್ಲೊಬ್ಬಳನ್ನು ನಿಲ್ಲಿಸು ಅನ್ನುವ ಸಾಲು ಇಲ್ಲ.

ಹಾಗಾದರೆ ಅಷ್ಟು ಜನ ನೋಡಿದ್ದೇನು? ನನಗೆ ಎಲ್ಲಕ್ಕಿಂತ ಜಾಸ್ತಿ ಮಜಾ ಕೊಟ್ಟದ್ದು ಈ ಪ್ರಶ್ನೆ. ಎಲ್ಲರೂ ಸುಳ್ಳು ಹೇಳುತ್ತಾರೆ ಅಂತ ನನಗೆ ಅನ್ನಿಸುವುದಿಲ್ಲ.

ಆಟದಲ್ಲಿ ದಾರಿಹೋಕರು ಎಲ್ಲೆಂದರಲ್ಲಿ ಹುಟ್ಟುವುದಿಲ್ಲ. ನಕ್ಷೆಯನ್ನು 750 ಯೂನಿಟ್‌ನ 64 ಚೌಕಗಳಾಗಿ ಕತ್ತರಿಸಿ, ಒಂದೊಂದಕ್ಕೂ ದಾರಿಗಳ ಒಂದು ಫೈಲ್ ಇಟ್ಟಿದ್ದಾರೆ. ಎಡ ಕೆಳ ಮೂಲೆಯ ಚೌಕ ಸೊನ್ನೆ. ಅಲ್ಲಿಂದ ಬಲಕ್ಕೆ ಎಣಿಸುತ್ತ ಸಾಲು ಸಾಲಾಗಿ ಮೇಲೆ ಹೋದರೆ ಲಾಸ್ ಬ್ರುಹಾಸ್ ಬೀಳುವುದು 51ನೇ ಚೌಕದಲ್ಲಿ, ಆಲ್ಡೆಯಾ ಮಾಲ್ವಾಡಾ 58ರಲ್ಲಿ. ನಡೆಯುವ ದಾರಿಯ ಚುಕ್ಕಿಗಳು ಎಲ್ಲಿವೆಯೋ ಅಲ್ಲಿ ಜನ ಹುಟ್ಟುತ್ತಾರೆ. ಯಾವ ಹೊತ್ತಿನಲ್ಲಿ ಎಷ್ಟು ಜನ, ಎಂಥ ಜನ ಅನ್ನುವುದನ್ನು ಪಾಪ್‌ಸೈಕಲ್ ಎಂಬ ಇನ್ನೊಂದು ಫೈಲ್ ಹೇಳುತ್ತದೆ. ಎರಡೆರಡು ಗಂಟೆಗೊಂದು ಸಾಲು, ವಾರದ ದಿನಗಳಿಗೆ ಬೇರೆ, ವಾರಾಂತ್ಯಕ್ಕೆ ಬೇರೆ. ನಗರಕ್ಕೆ ಹೋಲಿಸಿದರೆ ಮರುಭೂಮಿಯಲ್ಲಿ ಜನ ತೀರಾ ಕಮ್ಮಿ. ಹಾಗಾಗಿ ಒಬ್ಬ ಬಂದರೂ ಎದ್ದು ಕಾಣುತ್ತಾನೆ.

ಇದನ್ನು ನೋಡಲೆಂದೇ ಊರಿನ ಪಕ್ಕ ಆಟದ ನಾಯಕ ಸಿಜೆಯನ್ನು ನಿಲ್ಲಿಸಿ, ಮರಳುಗಾಳಿ ಹಾಕಿ ಕಾದೆ. ಆಟದ ಒಂದು ನಿಮಿಷ ನಮ್ಮ ಒಂದು ಸೆಕೆಂಡ್. ಸಂಜೆ 8ರಿಂದ ಬೆಳಗ್ಗೆ 6ರವರೆಗಿನ ಇಡೀ ರಾತ್ರಿ ನಮ್ಮ 10 ನಿಮಿಷದಲ್ಲಿ ಮುಗಿಯುತ್ತದೆ, ಕಾಯುವುದೇನೂ ಕಷ್ಟವಲ್ಲ. ರಸ್ತೆ ಕಡೆಯಿಂದ ಒಬ್ಬ ಬಂದ. ಕಂದು ಧೂಳಿನಲ್ಲಿ ಮೊದಲು ಕಾಲು ಕಂಡಿತು, ಆಮೇಲೆ ಮೈ. ಕ್ಯಾಮೆರಾವನ್ನು ಅವನ ಮೇಲೇ ಇಟ್ಟೆ. ಆರಾಮಾಗಿ ನಡೆದು ಹೋದ. ಇನ್ನೊಬ್ಬ ಬಂದಾಗ ಕ್ಯಾಮೆರಾವನ್ನು ಬೇಕಂತಲೇ ಹಿಂದಕ್ಕೆ ತಿರುಗಿಸಿ, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ತಿರುಗಿಸಿದೆ. ಇಲ್ಲ! ನೋಡುತ್ತಿರುವವರನ್ನು ಆಟ ದೂರದವರೆಗೂ ಉಳಿಸಿಕೊಳ್ಳುತ್ತದೆ. ಕಣ್ಣು ತಪ್ಪಿದವರನ್ನು ಬೇಗ ಅಳಿಸಿಬಿಡುತ್ತದೆ, ಮೆಮೊರಿ ಉಳಿಯಲಿ ಅಂತ. ತಿರುಗಿ ನೋಡಿದರೆ ಮಾಯ ಅನ್ನುವ ಕಥೆ ಅಕ್ಷರಶಃ ನಿಜ. ನಗರದ ಗದ್ದಲದಲ್ಲೂ ಇದೇ ನಡೆಯುತ್ತಿರುತ್ತದೆ, ಅಲ್ಲಿ ಯಾರೂ ಲೆಕ್ಕ ಇಡುವುದಿಲ್ಲ ಅಷ್ಟೇ.

ದೆವ್ವದ ಕಾರುಗಳ ವಿಷಯವೂ ಹೀಗೇ. ಬ್ಯಾಕ್ ಓ ಬಿಯಾಂಡ್ ಕಾಡಿನಲ್ಲಿ ಡ್ರೈವರ್ ಇಲ್ಲದೆ ಇಳಿಜಾರಿನಲ್ಲಿ ಬರುವ ಜಜ್ಜಿಹೋದ ಗ್ಲೆಂಡೇಲ್ ನೆನಪಿದೆಯಲ್ವಾ? ಅದು ಮಾಡೆಲ್ ನಂಬರ್ 604, ಮೊದಲೇ ಜಜ್ಜಿದ ರೂಪದಲ್ಲೇ ಮಾಡಿಟ್ಟ ಕಾರು. ಅದನ್ನು ಇಳಿಜಾರಿನ ಮೇಲೆ ಇಟ್ಟಿದ್ದಾರೆ. ನೀವು ಹತ್ತಿರ ಬಂದಾಗ ಹುಟ್ಟುತ್ತದೆ, ಹುಟ್ಟಿದ ಕೂಡಲೇ ಜಾರುತ್ತದೆ. ಸದ್ದಿನ ಕಥೆಗಳಲ್ಲಿ ಮರುಭೂಮಿಯ ಸ್ಫೋಟಗಳದ್ದು ಮಾತ್ರ ಸುಲಭ. ತಾನಾಗಿ ಹಾರಿಬರುವ ವಿಮಾನಗಳು ಕೆಳಮಟ್ಟದಲ್ಲಿ ಬಂದು ಗುಡ್ಡಕ್ಕೋ ಕಟ್ಟಡಕ್ಕೋ ಬಡಿಯುತ್ತಿರುತ್ತವೆ. ಹೆಜ್ಜೆ ಸಪ್ಪಳ, ಪಿಸುಮಾತಿನ ಕಥೆಗಳಿಗೆ ನಾನು ಕೈ ಹಾಕಲಿಲ್ಲ. ಕೇಳಿದವರ ಸ್ಪೀಕರಿನಲ್ಲಿ ಏನಿತ್ತೋ ಯಾರಿಗೆ ಗೊತ್ತು.

ಇಷ್ಟು ಹೇಳಿದರೂ "ಅವರು ಬಚ್ಚಿಟ್ಟಿದ್ದರೆ?" ಅನ್ನುವವರಿದ್ದಾರೆ. ಅವರನ್ನು ನೋಡಿ ನಾನು ನಗುವುದಿಲ್ಲ. ಈ ಆಟದಲ್ಲಿ ನಿಜವಾಗಿಯೂ ಬಚ್ಚಿಟ್ಟದ್ದು ಒಂದಿತ್ತು. ಹಾಟ್ ಕಾಫಿ ಎಂದು ಹೆಸರಾದ ಲೈಂಗಿಕ ದೃಶ್ಯಗಳನ್ನು ಆಟದಿಂದ ಮುಚ್ಚಿದ್ದರು, ಫೈಲಿನಿಂದ ತೆಗೆದಿರಲಿಲ್ಲ. 2005ರ ಜೂನ್‌ನಲ್ಲಿ ಪಿಸಿ ಆವೃತ್ತಿ ಬಂತು, ಕೆಲವೇ ದಿನಗಳಲ್ಲಿ ಮಾಡರ್‌ಗಳು ಅದನ್ನು ತೆರೆದರು. ಜುಲೈನಲ್ಲಿ ಅಮೆರಿಕದಲ್ಲಿ ಆಟದ ರೇಟಿಂಗ್ ವಯಸ್ಕರಿಗೆ ಮಾತ್ರ ಎಂದು ಬದಲಾಯಿತು. ಇದಾದ ಮೇಲೆ ಇನ್ನೇನೇನಿದೆಯೋ ಅಂತ ಹುಡುಕುವುದು ಸಹಜ. ಆದರೆ ಇದನ್ನೇ ತಿರುಗಿಸಿ ನೋಡಿ. ಅಷ್ಟು ಚೆನ್ನಾಗಿ ಮುಚ್ಚಿದ್ದೇ ಕೆಲವು ದಿನ ನಿಲ್ಲಲಿಲ್ಲ. 2004ರಿಂದ ಈವರೆಗೆ ಅದೇ ಫೈಲುಗಳನ್ನು ಅಷ್ಟೊಂದು ಜನ ಜಾಲಾಡಿದ್ದಾರೆ, ಒಬ್ಬ ಮುದುಕಿ ತಪ್ಪಿಸಿಕೊಳ್ಳಲು ಸಾಧ್ಯವಾ?

ಈ ಆಟ ಮಾಡಿದ ಕಂಪನಿಯೇ ದೆವ್ವ ಇಟ್ಟಾಗ ಹೇಗಿರುತ್ತದೆ ಅನ್ನುವುದಕ್ಕೂ ಉದಾಹರಣೆ ಇದೆ. 2013ರ ಜಿಟಿಎ 5ರಲ್ಲಿ ಮೌಂಟ್ ಗೋರ್ಡೊ ಮೇಲೆ ರಾತ್ರಿ 11ರಿಂದ 12ರವರೆಗೆ ಒಬ್ಬ ಹೆಂಗಸಿನ ದೆವ್ವ ಕಾಣುತ್ತದೆ. ಕೆಳಗೆ ಬಂಡೆಯ ಮೇಲೆ ರಕ್ತದಲ್ಲಿ ಜಾಕ್ ಎಂಬ ಹೆಸರು. ಹತ್ತಿರ ಹೋದರೆ ಮರೆಯಾಗುತ್ತದೆ. ಯಾರು ಹೋದರೂ ಕಾಣುತ್ತದೆ, ಯಾವ ರಾತ್ರಿ ಹೋದರೂ ಕಾಣುತ್ತದೆ. ಲಾಸ್ ಬ್ರುಹಾಸ್ ದೆವ್ವಕ್ಕೆ ಮಾತ್ರ ಷರತ್ತು ಬೆಳೆಯುತ್ತಲೇ ಹೋಗುತ್ತದೆ. ರಾತ್ರಿ ಹೋಗಿ ಕಾಣಲಿಲ್ಲ ಅಂದರೆ ಮರಳುಗಾಳಿ ಬೇಕು ಅಂತಾರೆ. ಅದೂ ಆಯಿತು ಅಂದರೆ ಬಂದೂಕು ಇರಬಾರದು, ಆಟ ನೂರಕ್ಕೆ ನೂರು ಮುಗಿದಿರಬೇಕು.

ಅಂದಹಾಗೆ ಈ ಕಥೆಗಳಿಗೆಲ್ಲ ಅರ್ಧ ಜೀವ ಕೊಟ್ಟದ್ದು ಆಟದಲ್ಲಿ ದೂರವನ್ನು ನುಂಗುವ ಮಂಜಿನಂಥ ಮಸುಕು. ಹೊತ್ತು, ಹವಾಮಾನ ನೋಡಿ ಅದರ ಬಣ್ಣ ಮತ್ತು ದೂರ ಬದಲಿಸಲು ಟೈಮ್‌ಸೈಕ್ ಎಂಬ ಫೈಲ್ ಇದೆ. 2021ರಲ್ಲಿ ಆಟದ ಹೊಸ ಆವೃತ್ತಿ ಬಂದಾಗ ಆ ಮಸುಕು ಹೋಗಿತ್ತು. ಬೆಟ್ಟ ಹತ್ತಿದರೆ ಇಡೀ ರಾಜ್ಯ ಒಂದೇ ನೋಟಕ್ಕೆ! ಅಂಥ ಬೆಳಕಿನಲ್ಲಿ ಯಾವ ದೆವ್ವ ತಾನೇ ಬಾಳೀತು. ಹಳೆಯ ಆಟಗಾರರು ಬೈದದ್ದರಲ್ಲಿ ನ್ಯಾಯವಿತ್ತು ಅಂತಲೇ ನನ್ನ ಅಭಿಪ್ರಾಯ.

ಈಗಲೂ ವಿಡಿಯೋ ಕಳಿಸುವವರಿದ್ದಾರೆ. ವಿಡಿಯೋ ನೋಡಿ ಏನೂ ಹೇಳಲು ಆಗುವುದಿಲ್ಲ. ಒಂದು ಮಾಡೆಲ್ ತೆಗೆದು ಇನ್ನೊಂದು ಹಾಕುವುದು ಮಾಡರ್‌ಗೆ ಐದು ನಿಮಿಷದ ಕೆಲಸ, ವಿಡಿಯೋ ಮಸುಕಾಗಿದ್ದಷ್ಟೂ ಅವನಿಗೆ ಅನುಕೂಲ. ನಾನು ಕೇಳುವುದು ಎರಡೇ. ನಿಮ್ಮ ಆಟ ಎಲ್ಲಿಗೆ ಬಂದಿದೆ ಎಂಬುದನ್ನು ಉಳಿಸಿಟ್ಟ ಸೇವ್ ಫೈಲ್ ಕೊಡಿ, ಜೊತೆಗೆ ನಿಮ್ಮ ಆಟದ ಫೋಲ್ಡರಿನ ಜಿಟಿಎ3 ಡಾಟ್ ಐಎಂಜಿ ಎಷ್ಟು ಬೈಟ್ ಇದೆ ಹೇಳಿ. ಮಾಡ್ ಹಾಕಿದ್ದರೆ ಆ ಅಂಕಿ ಸಾಮಾನ್ಯವಾಗಿ ಅಸಲಿ ಫೈಲಿನದಕ್ಕೆ ಹೊಂದುವುದಿಲ್ಲ. ಹೊಂದಿದರೆ ಸೇವ್ ಹಾಕಿಕೊಂಡು, ನೀವು ಹೇಳಿದ ಹೊತ್ತಿಗೆ ಅಲ್ಲಿ ಹೋಗಿ ನಿಲ್ಲಲು ನಾನು ರೆಡಿ.