ಎರಡನೇ ವಾರದ ಲಾಗ್: ಇಂಟರ್ನ್‌ಶಿಪ್ ಸುಧಾರಿಸಲು ನಾವು ಡೇಟಾ ಬಳಸುವ ಬಗೆ

ಇಂಟರ್ನ್‌ಶಿಪ್, ಅಪ್ರೆಂಟಿಸ್, ಕಾರ್ಖಾನೆ ತರಬೇತಿ, ಹೆಸರು ಯಾವುದೇ ಇರಲಿ, ವಿದ್ಯಾರ್ಥಿಯನ್ನು ಕೆಲಸದ ಜಾಗಕ್ಕೆ ಕಳಿಸಿ ಕಲಿಸುವ ಕಾರ್ಯಕ್ರಮಗಳಲ್ಲಿ ಡೇಟಾಕ್ಕೇನೂ ಬರವಿಲ್ಲ. ಹಾಜರಿ ಪಟ್ಟಿ, ಸಂಸ್ಥೆ ಕೊಟ್ಟ ಪ್ರಮಾಣಪತ್ರ, ವರದಿ ಪುಸ್ತಕ, ಕೊನೆಯ ದಿನದ ಅಭಿಪ್ರಾಯ ಫಾರ್ಮ್, ಎಲ್ಲವೂ ಇರುತ್ತವೆ. ಆದರೆ ಬಹುಪಾಲು ಕೈಗೆ ಬರುವುದು ವಿದ್ಯಾರ್ಥಿ ವಾಪಸಾದ ಮೇಲೆ. ಮೂರು ತಿಂಗಳು ಅವಳಿಂದ ಬರೀ ಜೆರಾಕ್ಸ್ ತೆಗೆಸಿದ್ದರು ಎಂದು ಆಗ ಗೊತ್ತಾದರೆ ಮುಂದಿನ ಬ್ಯಾಚಿಗೆ ಉಪಯೋಗವಾದೀತು, ಅವಳಿಗಲ್ಲ. ಅದಕ್ಕೇ ನಾವು ಇಡೀ ವ್ಯವಸ್ಥೆಯನ್ನು ಎರಡನೇ ವಾರದ ಸುತ್ತ ಕಟ್ಟುತ್ತೇವೆ. ಆ ಹೊತ್ತಿಗೆ ಏನು ತಿಳಿದಿರಬೇಕು, ತಿಳಿದರೆ ಯಾರು ಫೋನ್ ಎತ್ತಬೇಕು ಎಂಬುದು ಮೊದಲು ತೀರ್ಮಾನವಾಗುತ್ತದೆ. ಫಾರ್ಮ್ ಆಮೇಲೆ.

ಸಾಲು ಯಾವುದು?

ಹೆಚ್ಚಿನವರು ಒಬ್ಬ ವಿದ್ಯಾರ್ಥಿಗೆ ಒಂದು ಸಾಲು ಎಂದು ಸ್ಪ್ರೆಡ್‌ಶೀಟ್ ಶುರುಮಾಡುತ್ತಾರೆ. ಆ ವಿದ್ಯಾರ್ಥಿ ಮಧ್ಯದಲ್ಲಿ ಜಾಗ ಬದಲಿಸಿದ ದಿನವೇ ಹಾಳೆ ಕೆಡುತ್ತದೆ. ಹಳೆಯ ಜಾಗದ ಹೆಸರಿನ ಮೇಲೆ ಹೊಸದನ್ನು ಬರೆದುಬಿಡುತ್ತಾರೆ. ಯಾವ ಜಾಗದಿಂದ ಆಕೆ ಹೊರಬಂದಳು ಎಂಬ ಅತ್ಯಂತ ಬೇಕಾದ ಮಾಹಿತಿಯೇ ಅಳಿಸಿಹೋಗುತ್ತದೆ. ಹಾಗಾಗಿ ನಮ್ಮಲ್ಲಿ ನಾಲ್ಕು ಹಾಳೆ: ವಿದ್ಯಾರ್ಥಿಗಳು, ಕೆಲಸದ ಜಾಗಗಳು, ನಿಯೋಜನೆಗಳು, ವಾರದ ಲಾಗ್‌ಗಳು (ವಿದ್ಯಾರ್ಥಿ ವಾರವಾರ ತುಂಬುವ ಚಿಕ್ಕ ಫಾರ್ಮ್). ಒಬ್ಬ ವಿದ್ಯಾರ್ಥಿ ಒಂದು ಜಾಗದಲ್ಲಿ ಕಳೆದ ಒಂದು ಅವಧಿಯೇ ಒಂದು ನಿಯೋಜನೆ. ಜಾಗ ಬದಲಾದರೆ ಹೊಸ ಸಾಲು, ಹೊಸ ಸಂಖ್ಯೆ. ನಿಯೋಜನೆಯ ಸಾಲಿನಲ್ಲಿ ಇರುವುದು ಇಷ್ಟೇ: ವಿದ್ಯಾರ್ಥಿ ಸಂಖ್ಯೆ, ಜಾಗದ ಸಂಖ್ಯೆ, ಮೇಲ್ವಿಚಾರಕರ (ಆ ಜಾಗದಲ್ಲಿ ಕಲಿಸುವವರ) ಸಂಖ್ಯೆ, ಒಪ್ಪಿದ ತಾರೀಖು, ಶುರುವಾದ ತಾರೀಖು, ಮುಗಿಯಬೇಕಾದ ತಾರೀಖು, ನಿಜವಾಗಿ ಮುಗಿದ ತಾರೀಖು, ಮುಗಿದ ಬಗೆ, ಒಂದು ಕಡೆಯ ಪ್ರಯಾಣಕ್ಕೆ ಹಿಡಿಯುವ ನಿಮಿಷ, ಮೇಲ್ವಿಚಾರಕರು ಬದಲಾಗಿದ್ದರೆ ಆ ತಾರೀಖು. ಪ್ರಯಾಣವನ್ನು ಕಿಲೋಮೀಟರಿನಲ್ಲಿ ಬರೆಯಬೇಡಿ. ಹತ್ತು ಕಿಲೋಮೀಟರ್ ಒಬ್ಬರಿಗೆ ಇಪ್ಪತ್ತು ನಿಮಿಷ, ಇನ್ನೊಬ್ಬರಿಗೆ ಎರಡು ಬಸ್ಸು. ಕೊನೆಯ ಕಾಲಂ ಬಹಳ ಕಡೆ ಇರುವುದೇ ಇಲ್ಲ. ಕಲಿಸುತ್ತಿದ್ದವರು ವರ್ಗವಾಗಿ ಹೋದರೆ ಅಥವಾ ಕೆಲಸ ಬಿಟ್ಟರೆ ವಿದ್ಯಾರ್ಥಿ ಯಾರಿಗೂ ಸೇರದವಳಾಗುತ್ತಾಳೆ, ನಮಗೆ ಹೇಳುವವರು ಇರುವುದಿಲ್ಲ.

ಹಾಳೆಗಳು ಒಂದಕ್ಕೊಂದು ಹೊಂದದಿರುವುದು ಎಲ್ಲರಿಗೂ ಬರುವ ತಲೆನೋವು. ಕಾರಣಗಳು ಸಾಮಾನ್ಯವಾಗಿ ಮೂರು. ಒಂದು, ಜಾಗದ ಹೆಸರನ್ನು ಕೈಯಲ್ಲಿ ಟೈಪ್ ಮಾಡುವುದು: ಒಂದೇ ಸಂಸ್ಥೆ ಮೂರು ಕಾಗುಣಿತದಲ್ಲಿ ಮೂರು ಸಂಸ್ಥೆಯಾಗುತ್ತದೆ. ಪಟ್ಟಿಯಿಂದ ಆರಿಸುವಂತೆ ಮಾಡಿ, ಟೈಪ್ ಮಾಡಲು ಬಿಡಬೇಡಿ. ಎರಡು, ಸೊನ್ನೆಯಿಂದ ಶುರುವಾಗುವ ಸಂಖ್ಯೆ: 0042 ಎಂಬುದನ್ನು ಸ್ಪ್ರೆಡ್‌ಶೀಟ್ ಸದ್ದಿಲ್ಲದೆ 42 ಮಾಡುತ್ತದೆ. ಸಂಖ್ಯೆಯ ಮುಂದೆ ಒಂದು ಅಕ್ಷರ ಸೇರಿಸಿದರೆ ಆಯಿತು. ಮೂರು, ತಾರೀಖು: 03/04 ಎಂದರೆ ಕೆಲವರಿಗೆ ಏಪ್ರಿಲ್ 3, ಕೆಲವು ಕಂಪ್ಯೂಟರಿಗೆ ಮಾರ್ಚ್ 4. ವರ್ಷ-ತಿಂಗಳು-ದಿನ ಎಂಬ ಒಂದೇ ಕ್ರಮ ಇಟ್ಟುಕೊಳ್ಳಿ. ಇನ್ನೊಂದು ಸೂಕ್ಷ್ಮವಿದೆ. ಹಾಳೆಯಲ್ಲಿ ಖಾಲಿ ಬಿಟ್ಟ ಚೌಕ, ಸೊನ್ನೆ, 'ಅನ್ವಯಿಸದು' ಮೂರೂ ಬೇರೆ ಬೇರೆ. ಆ ವಾರ 0 ಗಂಟೆ ಕೆಲಸ ಮಾಡಿದ್ದಕ್ಕೂ ಲಾಗ್ ತುಂಬದೇ ಇದ್ದದ್ದಕ್ಕೂ ಅಜಗಜಾಂತರ.

ವಾರದ ಲಾಗ್

ಐದು ಪ್ರಶ್ನೆ, ಮೊಬೈಲಿನಲ್ಲಿ, ಮೂರು ನಿಮಿಷಕ್ಕೆ ಒಳಗೆ. ಈ ವಾರ ಎಷ್ಟು ಗಂಟೆ ಕೆಲಸ ಮಾಡಿದಿರಿ? ಹೆಚ್ಚು ಹೊತ್ತು ಮಾಡಿದ ಕೆಲಸ ಯಾವ ಬಗೆಯದು: ನೋಡುವುದು, ಹೇಳಿಸಿಕೊಂಡು ಮಾಡುವುದು, ಸ್ವಂತವಾಗಿ ಮಾಡುವುದು, ಓದಿಗೆ ಸಂಬಂಧವಿಲ್ಲದ್ದು? ನೀವು ಮಾಡಿದ್ದನ್ನು ಯಾರಾದರೂ ನೋಡಿ ತಿದ್ದಿದರೇ? ಹೊಸದಾಗಿ ಮಾಡಿದ್ದು ಏನಾದರೂ ಇದೆಯೇ? ನಾವು ನಿಮಗೆ ಫೋನ್ ಮಾಡಬೇಕೇ?

ಕೊನೆಯ ಪ್ರಶ್ನೆಗೆ 'ಹೌದು', 'ಬೇಡ' ಎಂಬ ಎರಡೇ ಉತ್ತರ. ಏಕೆ ಎಂದು ಕೇಳುವುದಿಲ್ಲ. ಕೇಳಿದರೆ ಬರೆಯಲು ಹೆದರಿ 'ಬೇಡ' ಒತ್ತುತ್ತಾರೆ.

ಈ ಲಾಗಿಗೆ ಅಂಕ ಕೊಡಬಾರದು. ಅಂಕ ಬಂದ ಕೂಡಲೇ ಲಾಗ್ ಸುಳ್ಳಾಗುತ್ತದೆ. ಅಳತೆಯನ್ನೇ ಗುರಿ ಮಾಡಿದರೆ ಅದು ಒಳ್ಳೆಯ ಅಳತೆಯಾಗಿ ಉಳಿಯುವುದಿಲ್ಲ ಎಂಬ ಮಾತು ಬ್ರಿಟನ್ನಿನ ಅರ್ಥಶಾಸ್ತ್ರಜ್ಞ ಚಾರ್ಲ್ಸ್ ಗುಡ್‌ಹಾರ್ಟ್ ಅವರ ಹೆಸರಿನಲ್ಲಿ ಚಾಲ್ತಿಯಲ್ಲಿದೆ. ಅವರು 1975ರಲ್ಲಿ ಹೇಳಿದ್ದು ಹಣಕಾಸು ನೀತಿಯ ಬಗ್ಗೆ, ಇಂಟರ್ನ್‌ಶಿಪ್ಪಿಗೂ ಅದು ಹಾಗೇ ಹೊಂದುತ್ತದೆ. 240 ಗಂಟೆ ಕಡ್ಡಾಯ ಎಂದಿದ್ದರೆ ಗಂಟೆಗಳನ್ನೆಲ್ಲ ಒಂದು ಸ್ತಂಭಚಿತ್ರದಲ್ಲಿ ಹಾಕಿ ನೋಡಿ. 240ರಲ್ಲೇ ಗೋಪುರ ಎದ್ದು 230ರ ಹತ್ತಿರ ಯಾರೂ ಇಲ್ಲದಿದ್ದರೆ ಅದು ಕೆಲಸದ ಲೆಕ್ಕವಲ್ಲ. ಎಲ್ಲ ಸಂಖ್ಯೆಯೂ 0 ಅಥವಾ 5ರಲ್ಲಿ ಮುಗಿಯುವುದು, ಎಂಟು ವಾರದ ಲಾಗ್ ಒಂದೇ ರಾತ್ರಿ ಅರ್ಧ ಗಂಟೆಯಲ್ಲಿ ತುಂಬಿರುವುದು ಇನ್ನೆರಡು ಗುರುತು. ಸಲ್ಲಿಸಿದ ಸಮಯ ತಾನಾಗಿ ದಾಖಲಾಗುವ ಫಾರ್ಮ್ ಬಳಸಿದರೆ ಇದು ಕಾಣುತ್ತದೆ. ಕಂಡಾಗ ಶಿಕ್ಷಿಸಲು ಹೋಗಬೇಡಿ, ನಿಯಮವನ್ನು ನೋಡಿಕೊಳ್ಳಿ.

ಲಾಗ್‌ಗಳಿಂದ ಪ್ರತಿ ಸೋಮವಾರ ಒಂದು ಚಿಕ್ಕ ಪಟ್ಟಿ ತಯಾರಾಗುತ್ತದೆ. ಅದರಲ್ಲಿ ಬರುವುದು ಈ ನಾಲ್ಕರಲ್ಲಿ ಒಂದಾದರೂ ಇದ್ದವರು: ಫೋನ್ ಕೇಳಿದವರು, ಎರಡು ವಾರ ಸತತ ಲಾಗ್ ಇಲ್ಲದವರು, ಎರಡು ವಾರ ಸತತ ಯಾರೂ ತಿದ್ದಲಿಲ್ಲ ಎಂದವರು, ಎರಡು ವಾರ ಸತತ ಓದಿಗೆ ಸಂಬಂಧವಿಲ್ಲದ ಕೆಲಸವೇ ಹೆಚ್ಚು ಎಂದವರು. ಎರಡು ಕೆಲಸದ ದಿನದೊಳಗೆ ಕರೆ ಹೋಗಬೇಕು. ಕರೆಯ ತಾರೀಖು, ತಿಳಿದದ್ದು, ಬದಲಾದದ್ದು, ಮೂರೂ ದಾಖಲಾಗಬೇಕು. ಈ ಮೂರನೆಯ ಕಾಲಂ ಇಲ್ಲದಿದ್ದರೆ ವರ್ಷದ ಕೊನೆಗೆ ನೂರು ಎಚ್ಚರಿಕೆ ಬಂದವು ಎಂದು ಹೇಳಬಹುದೇ ಹೊರತು ಒಂದಾದರೂ ಕೆಲಸಕ್ಕೆ ಬಂತೇ ಎಂದು ಹೇಳಲಾಗದು.

ಪಟ್ಟಿಯ ಉದ್ದ ನಿಮ್ಮ ಕೈಗೆ ತಕ್ಕಂತಿರಲಿ. ವಾರಕ್ಕೆ 12 ಕರೆ ಮಾಡಬಲ್ಲಿರಿ, ಪಟ್ಟಿಯಲ್ಲಿ 40 ಹೆಸರು ಬರುತ್ತಿವೆ ಎಂದಾದರೆ ಮೂರನೇ ವಾರಕ್ಕೆ ಆ ಪಟ್ಟಿಯನ್ನು ಯಾರೂ ತೆರೆಯುವುದಿಲ್ಲ. ಮಿತಿಯನ್ನು ಬಿಗಿ ಮಾಡಿ. ಎಲ್ಲಕ್ಕಿಂತ ಮೊದಲು ಉಳಿಸಿಕೊಳ್ಳಬೇಕಾದ್ದು ಫೋನ್ ಕೇಳಿದವರು ಮತ್ತು ಲಾಗ್ ನಿಲ್ಲಿಸಿದವರು.

ಮೇಲ್ವಿಚಾರಕರು ಕೊಡುವ ಅಂಕ

'ಉತ್ತಮ, ಅತ್ಯುತ್ತಮ' ಎಂಬ ಐದು ಅಂಕದ ಫಾರ್ಮ್ ಕೊಟ್ಟರೆ ಎಲ್ಲರಿಗೂ 4, 5 ಬರುತ್ತದೆ. ಅದು ಕೌಶಲದ ಅಳತೆಯಲ್ಲ, ಸೌಜನ್ಯದ ಅಳತೆ. ನಾವು ಗುಣದ ಬದಲು ಎಷ್ಟರಮಟ್ಟಿಗೆ ಸ್ವತಂತ್ರವಾಗಿ ಮಾಡುತ್ತಾರೆ ಎಂದು ಕೇಳುತ್ತೇವೆ. 1 ಎಂದರೆ ನೋಡುತ್ತಾರೆ ಅಷ್ಟೇ. 2, ಪಕ್ಕದಲ್ಲಿ ಯಾರಾದರೂ ನಿಂತರೆ ಮಾಡುತ್ತಾರೆ. 3, ಒಬ್ಬರೇ ಮಾಡುತ್ತಾರೆ, ಕೊನೆಗೆ ಪರೀಕ್ಷಿಸಬೇಕು. 4, ಇನ್ನೊಬ್ಬರಿಗೆ ತೋರಿಸಿಕೊಡಬಲ್ಲರು. ನಡುವಿನ ಅಂಕವೇ ಇಲ್ಲದ್ದರಿಂದ ಸುಮ್ಮನೆ ಮಧ್ಯದಲ್ಲಿ ಟಿಕ್ ಹಾಕಲು ಜಾಗವಿಲ್ಲ. ಕೌಶಲಗಳು ಆರು ಮೀರಬಾರದು. ಎರಡನೇ ವಾರದ ಕೊನೆ, ಅರ್ಧ ಅವಧಿ, ಕೊನೆ, ಹೀಗೆ ಮೂರು ಸಲ.

ಇವುಗಳ ಜೊತೆಗೆ 'ನೋಡಲು ಅವಕಾಶವಾಗಲಿಲ್ಲ' ಎಂಬ ಉತ್ತರ ಇರಲೇಬೇಕು. ಇಲ್ಲದಿದ್ದರೆ ಊಹಿಸಿ 3 ಹಾಕುತ್ತಾರೆ. ಇದು ತುಂಬಾ ಮಾತನಾಡುವ ಉತ್ತರ. ಆರು ಕೌಶಲಗಳಲ್ಲಿ ನಾಲ್ಕಕ್ಕೆ ಎರಡನೇ ವಾರದಲ್ಲೂ ಅರ್ಧ ಅವಧಿಯಲ್ಲೂ 'ಅವಕಾಶವಾಗಲಿಲ್ಲ' ಎಂದು ಬಂದರೆ ದೋಷ ವಿದ್ಯಾರ್ಥಿಯದಲ್ಲ, ಆ ಜಾಗದಲ್ಲಿ ಆ ಕೆಲಸವೇ ಅವಳ ಕೈಗೆ ಸಿಗುತ್ತಿಲ್ಲ. ಜಾಗವನ್ನು ಉಳಿಸಿಕೊಳ್ಳಬೇಕೋ ಬಿಡಬೇಕೋ ಎಂದು ತೀರ್ಮಾನಿಸುವಾಗ ನಾವು ಸರಾಸರಿ ಅಂಕಕ್ಕಿಂತ ಈ ಎಣಿಕೆಯನ್ನೇ ಮೊದಲು ನೋಡುತ್ತೇವೆ.

ಅಂಕ ಹಾಕುವವರ ಕೈ ಒಂದೇ ತೂಕದ್ದಾಗಿರುವುದಿಲ್ಲ. ಬ್ಯಾಚ್ ಶುರುವಾಗುವ ಮೊದಲು ಮೇಲ್ವಿಚಾರಕರನ್ನು ಇಪ್ಪತ್ತು ನಿಮಿಷದ ಕರೆಗೆ ಸೇರಿಸಿ, ಇಬ್ಬರು ಕಾಲ್ಪನಿಕ ವಿದ್ಯಾರ್ಥಿಗಳ ವಾರದ ಕೆಲಸವನ್ನು ವಿವರಿಸಿ, ಎಲ್ಲರೂ ಅಂಕ ಹಾಕಲಿ. ಒಬ್ಬರು 2, ಇನ್ನೊಬ್ಬರು 4 ಹಾಕಿದ ಕಡೆ ಮಾತು ನಡೆಯಲಿ. ಆಮೇಲೂ ಆರು ಕೌಶಲಕ್ಕೂ ಒಂದೇ ಅಂಕ ಕೊಡುವವರು ಸಿಗುತ್ತಾರೆ. ಆ ಸಾಲುಗಳನ್ನು ಗುರುತಿಸಿಟ್ಟು ಸರಾಸರಿಯಿಂದ ಹೊರಗಿಡಿ.

ವಿದ್ಯಾರ್ಥಿಗಳ ಸ್ವಂತ ಅಂಕದಲ್ಲಿ ಬೇರೆಯದೇ ತಮಾಷೆ. ಶುರುವಿನಲ್ಲಿ 'ನನಗೆ ಇದು ಬರುತ್ತದೆ' ಎಂದು 3 ಹಾಕಿದವರು ಕೊನೆಗೆ 2 ಹಾಕುತ್ತಾರೆ. ಕಲಿಕೆ ಕಡಿಮೆಯಾಗಿಲ್ಲ, ಆ ಕೆಲಸ ಎಷ್ಟು ದೊಡ್ಡದು ಎಂದು ತಿಳಿದಿದೆ, ಅಳೆಯುವ ಕೋಲೇ ಉದ್ದವಾಗಿದೆ. ಹಾಗಾಗಿ ಕೊನೆಯಲ್ಲಿ ಎರಡನ್ನೂ ಒಟ್ಟಿಗೆ ಕೇಳಿ: ಈಗ ಎಷ್ಟು, ಈಗ ಹಿಂದಿರುಗಿ ನೋಡಿದರೆ ಮೊದಲ ದಿನ ಎಷ್ಟಿತ್ತು. ನೆನಪಿನ ದೋಷ ಇದರಲ್ಲೂ ಇದೆ, ಆದರೂ ಎರಡು ಉತ್ತರಕ್ಕೂ ಒಂದೇ ಕೋಲು.

ಛೇದದಲ್ಲಿ ಯಾರಿದ್ದಾರೆ

ಪೂರ್ಣಗೊಳಿಸಿದವರ ಶೇಕಡಾವಾರು ಕೇಳಿದಾಗ ಛೇದ ಯಾವುದು, ಅಂದರೆ ಒಟ್ಟು ಯಾವ ಜನರ ಪೈಕಿ, ಎಂದು ಕೇಳದೆ ಉತ್ತರ ಒಪ್ಪಬೇಡಿ. ಉದಾಹರಣೆಗೆ 120 ಜನ ಅರ್ಜಿ ಹಾಕಿದರು, 100 ಜನಕ್ಕೆ ಜಾಗ ಸಿಕ್ಕಿತು, 90 ಜನ ಶುರುಮಾಡಿದರು, 72 ಜನ ಮುಗಿಸಿದರು ಎನ್ನೋಣ. ಶೇ. 80, ಶೇ. 72, ಶೇ. 60, ಮೂರೂ ಸತ್ಯವೇ. ನಾವು ನಾಲ್ಕು ಸಂಖ್ಯೆಯನ್ನೂ ಸಾಲಾಗಿ ಬರೆದು, ಯಾವ ಮೆಟ್ಟಿಲಲ್ಲಿ ಯಾರು ಇಳಿದುಹೋದರು ಎಂದು ನೋಡುತ್ತೇವೆ. ವಿದ್ಯಾರ್ಥಿನಿಯರು, ದೂರದಿಂದ ಬರುವವರು, ಮನೆಯಲ್ಲಿ ಮೊದಲ ಸಲ ಕಾಲೇಜು ಕಂಡವರು, ಹೀಗೆ ಬಿಡಿಸಿದಾಗ ಒಂದು ಗುಂಪು ಜಾಗ ಸಿಗುವ ಹಂತದಲ್ಲೇ ಉಳಿದುಬಿಟ್ಟಿರಬಹುದು, ಇನ್ನೊಂದು ಶುರುಮಾಡಿ ಬಿಟ್ಟಿರಬಹುದು. ಎರಡಕ್ಕೂ ಮದ್ದು ಬೇರೆ.

ಅಭಿಪ್ರಾಯ ಫಾರ್ಮಿನಲ್ಲೂ ಇದೇ ಕತೆ. ಮುಗಿಸಿದ 72 ಜನರಲ್ಲಿ 40 ಜನ ಉತ್ತರಿಸಿ, 36 ಜನ 'ಚೆನ್ನಾಗಿತ್ತು' ಎಂದರೆ ವರದಿಯಲ್ಲಿ ಶೇ. 90 ಎಂದು ಬರುತ್ತದೆ. ಶುರುಮಾಡಿದ 90 ಜನರ ಲೆಕ್ಕದಲ್ಲಿ ಅದು ಶೇ. 40. ಬಿಟ್ಟುಹೋದವರನ್ನು ಯಾರೂ ಕೇಳಿಯೇ ಇರುವುದಿಲ್ಲ.

ಬಿಟ್ಟವರ ಕಾರಣವನ್ನು ಫಾರ್ಮಿನಲ್ಲಿ ಕೇಳಿದರೆ 'ವೈಯಕ್ತಿಕ ಕಾರಣ' ಎಂಬ ಉತ್ತರ ಬರುತ್ತದೆ, ಅದರಿಂದ ಏನೂ ಮಾಡಲಾಗದು. ಆ ಆಯ್ಕೆಯನ್ನೇ ತೆಗೆಯಿರಿ. ಹತ್ತು ದಿನದೊಳಗೆ, ಆ ವಿದ್ಯಾರ್ಥಿಗೆ ಅಂಕ ಹಾಕದ ಒಬ್ಬರು ಫೋನ್ ಮಾಡಿ ಮಾತನಾಡಲಿ. ವಿದ್ಯಾರ್ಥಿ ಹೇಳಿದ್ದನ್ನು ಆಮೇಲೆ ನೀವು ವಿಂಗಡಿಸಿ: ಪ್ರಯಾಣ, ಹಣ, ತರಗತಿಯ ವೇಳೆಗೆ ಡಿಕ್ಕಿ, ಹೇಳಿದ ಕೆಲಸ ಬೇರೆ ಕೊಟ್ಟ ಕೆಲಸ ಬೇರೆ, ನಡವಳಿಕೆ ಅಥವಾ ಸುರಕ್ಷತೆ, ಆರೋಗ್ಯ, ಬೇರೆ ಕೆಲಸ ಸಿಕ್ಕಿತು. ಸುರಕ್ಷತೆಯ ವಿಷಯ ಬಂದರೆ ಅದು ಡೇಟಾ ಅಲ್ಲ, ದೂರು. ಅದೇ ದಿನ ಸಂಬಂಧಪಟ್ಟವರಿಗೆ ಹೋಗಬೇಕು.

8 ವಾರದ ನಿಯೋಜನೆಯನ್ನೂ 16 ವಾರದ್ದನ್ನೂ ಒಂದೇ ತಕ್ಕಡಿಗೆ ಹಾಕಬೇಡಿ. ಉದ್ದದ್ದರಲ್ಲಿ ಬಿಡಲು ಹೆಚ್ಚು ವಾರಗಳಿವೆ. ಪ್ರತಿ ವಾರದ ಶುರುವಿನಲ್ಲಿ ಇದ್ದವರ ಪೈಕಿ ಆ ವಾರ ಬಿಟ್ಟವರು ಶೇಕಡಾ ಎಷ್ಟು ಎಂದು ವಾರವಾರಕ್ಕೂ ಬರೆದರೆ ಹೋಲಿಕೆ ನ್ಯಾಯವಾಗುತ್ತದೆ.

ಒಟ್ಟು ಮೊತ್ತ ಮೋಸ ಮಾಡುವ ಇನ್ನೊಂದು ಬಗೆಯಿದೆ. ಸಂಖ್ಯೆಗಳು ಉದಾಹರಣೆಗಷ್ಟೇ. 'ಅ' ವಿಭಾಗ 40 ಜನರನ್ನು ಕಾರ್ಖಾನೆಗೆ, 10 ಜನರನ್ನು ಕಚೇರಿಗೆ ಕಳಿಸಿತು. 24 ಮತ್ತು 9 ಜನ ಮುಗಿಸಿದರು. 'ಆ' ವಿಭಾಗ 10 ಜನರನ್ನು ಕಾರ್ಖಾನೆಗೆ, 40 ಜನರನ್ನು ಕಚೇರಿಗೆ ಕಳಿಸಿತು. 5 ಮತ್ತು 34 ಜನ ಮುಗಿಸಿದರು. ಒಟ್ಟಿನಲ್ಲಿ 'ಅ' ಶೇ. 66, 'ಆ' ಶೇ. 78. ಬಿಡಿಸಿ ನೋಡಿ: ಕಾರ್ಖಾನೆಯಲ್ಲಿ 'ಅ' ಶೇ. 60, 'ಆ' ಶೇ. 50; ಕಚೇರಿಯಲ್ಲಿ 'ಅ' ಶೇ. 90, 'ಆ' ಶೇ. 85. ಎರಡು ಕಡೆಯೂ 'ಅ' ಮುಂದಿದೆ, ಆದರೆ ಮುಗಿಸುವವರು ಕಡಿಮೆ ಇರುವ ಕಾರ್ಖಾನೆಗೇ ಹೆಚ್ಚು ಜನರನ್ನು ಕಳಿಸಿದ್ದರಿಂದ ಒಟ್ಟಿನಲ್ಲಿ ಹಿಂದೆ ಬಿದ್ದು, ಸಭೆಯಲ್ಲಿ ಬೈಸಿಕೊಳ್ಳುವುದೂ ಅದೇ. ಸಂಖ್ಯಾಶಾಸ್ತ್ರದಲ್ಲಿ ಇದಕ್ಕೆ ಸಿಂಪ್ಸನ್ ವಿರೋಧಾಭಾಸ ಎನ್ನುತ್ತಾರೆ.

ಸಣ್ಣ ಸಂಖ್ಯೆಗೂ ಗೌರವ ಕೊಡಬೇಕು. ಒಂದು ಜಾಗಕ್ಕೆ 8 ಜನ ಹೋಗಿ 6 ಜನ ಮುಗಿಸಿದರೆ ಶೇ. 75. ನಿಜವಾದ ಪ್ರಮಾಣ ಎಲ್ಲಿಂದ ಎಲ್ಲಿಯವರೆಗೆ ಇರಬಹುದು ಎಂದು ಅಂದಾಜಿಸುವ 'ಶೇ. 95ರ ವಿಶ್ವಾಸ ಅಂತರ'ವನ್ನು ವಿಲ್ಸನ್ ಎಂಬ ಸಂಖ್ಯಾಶಾಸ್ತ್ರದ ಸೂತ್ರದಲ್ಲಿ ಲೆಕ್ಕಹಾಕಿದರೆ ಅದು ಸುಮಾರು ಶೇ. 41ರಿಂದ 93ರವರೆಗೆ ಹರಡಿಕೊಳ್ಳುತ್ತದೆ. ಅಂದರೆ ಆ ಜಾಗ ಚೆನ್ನಾಗಿದೆಯೋ ಕೆಟ್ಟಿದೆಯೋ ಈ ಒಂದು ಅಂಕಿ ಹೇಳಲಾರದು. ಇಂಥ ಕಡೆ ಶ್ರೇಯಾಂಕ ಪಟ್ಟಿ ಮಾಡದೆ ಎರಡು ಮೂರು ಬ್ಯಾಚು ಸೇರಿಸಿ ನೋಡುತ್ತೇವೆ, ಜೊತೆಗೆ ಆ ಎಂಟು ಜನರ ಲಾಗ್‌ಗಳನ್ನು ಕೂತು ಓದುತ್ತೇವೆ. ಎಂಟು ಜನರದ್ದನ್ನು ಓದಲು ಒಂದು ಗಂಟೆಯೂ ಬೇಡ.

ಬದಲಾವಣೆ ಫಲಿಸಿತೇ?

ಮೊದಲ ವಾರವೇ ಮೇಲ್ವಿಚಾರಕರಿಗೆ ಕರೆ ಮಾಡುವ ಪದ್ಧತಿ ತರುತ್ತೀರಿ ಎನ್ನೋಣ. ಎಲ್ಲ ಕಡೆ ಒಟ್ಟಿಗೆ ತಂದರೆ, ಫಲಿತಾಂಶ ಸುಧಾರಿಸಿದ್ದು ಕರೆಯಿಂದಲೋ ಈ ಬ್ಯಾಚೇ ಚುರುಕಾಗಿದ್ದುದರಿಂದಲೋ ತಿಳಿಯದು. ಚೀಟಿ ಎತ್ತಿ ಅರ್ಧ ಜಾಗಗಳಲ್ಲಿ ಈ ಬ್ಯಾಚಿಗೆ, ಉಳಿದರ್ಧದಲ್ಲಿ ಮುಂದಿನ ಬ್ಯಾಚಿಗೆ ಶುರುಮಾಡಿ. ಚೀಟಿಯೇ ಏಕೆ ಎಂದರೆ, ನಾವೇ ಆರಿಸಿದರೆ ಮಾತು ಕೇಳುವ ಒಳ್ಳೆಯ ಜಾಗಗಳನ್ನೇ ಮೊದಲು ಆರಿಸುತ್ತೇವೆ. ಒಂದು ಬ್ಯಾಚಿಗೆ ಒಂದೇ ಬದಲಾವಣೆ.

ಗೌಪ್ಯತೆಯ ವಿಷಯದಲ್ಲಿ ಮೂರು ನಿಯಮ ಸಾಕು. ಹೆಸರು ಮತ್ತು ಸಂಖ್ಯೆಯನ್ನು ಜೋಡಿಸುವ ಹಾಳೆ ಬೇರೆ ಕಡತದಲ್ಲಿ, ಇಬ್ಬರ ಕೈಯಲ್ಲಿ ಮಾತ್ರ ಇರಲಿ. 10ಕ್ಕಿಂತ ಕಡಿಮೆ ಜನರಿರುವ ಗುಂಪಿನ ಅಂಕಿಯನ್ನು ಹೊರಗಿನ ವರದಿಯಲ್ಲಿ ಹಾಕಬೇಡಿ. ವಿದ್ಯಾರ್ಥಿ ಬರೆದ ಮಾತನ್ನು ಮೇಲ್ವಿಚಾರಕರಿಗೆ ಹಾಗೇ ದಾಟಿಸಬೇಡಿ. ಆ ಜಾಗದಲ್ಲಿ ಒಬ್ಬಳೇ ಇದ್ದರೆ ಹೆಸರಿಲ್ಲದಿದ್ದರೂ ಯಾರೆಂದು ತಿಳಿಯುತ್ತದೆ.

ಬ್ಯಾಚ್ ಮುಗಿದ ಮೇಲೆ ಪ್ರತಿ ಕಾಲಮ್ಮಿನ ಎದುರು, ಇದನ್ನು ನೋಡಿ ಯಾವ ತೀರ್ಮಾನ ಬದಲಾಯಿತು ಎಂದು ಬರೆಯುತ್ತೇವೆ. ಎರಡು ಬ್ಯಾಚಿನಲ್ಲೂ ಖಾಲಿ ಉಳಿದ ಕಾಲಂ ಹೋಗುತ್ತದೆ. ಹೊಸ ಪ್ರಶ್ನೆ ಬೇಕೆನ್ನುವವರು ಹಳೆಯದೊಂದನ್ನು ತೆಗೆದುಕೊಡಬೇಕು. ಇಲ್ಲದಿದ್ದರೆ ಮೂರು ನಿಮಿಷದ ಲಾಗ್ ಹದಿನೈದು ನಿಮಿಷದ್ದಾಗಿ, ತುಂಬುವವರು ಅರ್ಧಕ್ಕಿಳಿದು, ಮೊದಲು ಕಾಣೆಯಾಗುವುದು ನಾವು ಹುಡುಕುತ್ತಿದ್ದ ವಿದ್ಯಾರ್ಥಿಗಳ ಸಾಲುಗಳೇ.