ಕುದುರಿನ ದಡಕ್ಕೆ ಕೇಬಲ್ ಹತ್ತಿಸಿದ ಲೆಕ್ಕ

ಕಾಸರಗೋಡಿನ ಶಿರಿಯ ಹೊಳೆಯ ಅಳಿವೆಯಿಂದ ಸ್ವಲ್ಪ ಒಳಗಿರುವ ಒಂದು ಕುದುರಿಗೆ, ಅಂದರೆ ಹೊಳೆ ನಡುವಿನ ಸಣ್ಣ ದ್ವೀಪಕ್ಕೆ, ನೀರಿನಡಿಯಲ್ಲಿ ನಾನು ಎಳೆದ ಇಂಟರ್ನೆಟ್ಟಿನ ಫೈಬರ್ ಎರಡು ಮಳೆಗಾಲ ಕಂಡಿತು. ಕಳೆದ ಆಟಿ ತಿಂಗಳ ಮಳೆಯಲ್ಲಿ ಗಾಳಿಗೆ ಮರ ಬಿದ್ದು ಕುಂಬಳೆಯ ಸುತ್ತಮುತ್ತ ಕಂಬದ ಮೇಲಿನ ಕೇಬಲುಗಳು ತುಂಡಾಗಿ ನೇತಾಡುತ್ತಿದ್ದಾಗ ಕುದುರಿನ ಹುಡುಗರು ಆರಾಮವಾಗಿ ಕ್ರಿಕೆಟ್ ನೋಡುತ್ತಿದ್ದರು. "ಒಂದು ಮಳೆ ಬರಲಿ ಮಾರಾಯ್ರೇ, ಆಮೇಲೆ ನಿಮ್ಮ ಕೇಬಲನ್ನು ಅರಬ್ಬಿ ಸಮುದ್ರದಲ್ಲಿ ಹುಡುಕಿ" ಎಂದು ನಕ್ಕಿದ್ದ ಬೇರೆ ಕೇಬಲ್ ಆಪರೇಟರುಗಳೇ ಈಗ ಫೋನ್ ಮಾಡಿ ಹೇಗೆ ಮಾಡಿದ್ದು ಎಂದು ಕೇಳುತ್ತಾರೆ. ಒಬ್ಬೊಬ್ಬರಿಗೇ ಹೇಳಿ ಸಾಕಾಯಿತು, ಅದಕ್ಕೆ ಬರೆದುಬಿಡುತ್ತೇನೆ. ಸ್ಪ್ಲೈಸ್ ಹೊಡೆಯುವುದು (ಫೈಬರ್ ತುದಿ ಜೋಡಿಸುವುದು), ಒಟಿಡಿಆರ್ (ಬೆಳಕು ಬಿಟ್ಟು ಕೇಬಲಿನ ದೋಷ ಹುಡುಕುವ ಯಂತ್ರ) ಓದುವುದು ಗೊತ್ತಿರುವವರಿಗಾಗಿ ಬರೆದದ್ದು. ಲೆಕ್ಕವೆಲ್ಲ ನೆನಪಿನಿಂದ, ಸಾವಿರ ಆಚೀಚೆ ಆದೀತು.

ಮೊದಲು ಮಾಡಿದ್ದು ಎಲ್ಲರೂ ಮಾಡುವುದನ್ನೇ. ಈಚೆ ದಡದ ಒಂದು ತಾರಸಿಯಿಂದ ಕುದುರಿನ ತೆಂಗಿನ ಮರಕ್ಕೆ 5 ಗಿಗಾಹರ್ಟ್ಸ್ ರೇಡಿಯೋ. ಬೆಳಿಗ್ಗೆ ಚಂದ ಓಡುತ್ತದೆ, ಮಧ್ಯಾಹ್ನ ಸತ್ತು ಹೋಗುತ್ತದೆ, ಮರುದಿನ ಅದೇ ಕಥೆ ಬೇರೆ ಗಂಟೆಗೆ. ಕುದುರಿನ ಒಬ್ಬರು ಅಕ್ಕ ಹೇಳಿದರು, "ಭರತ ಏರುವಾಗ ನಿಮ್ಮ ನೆಟ್ ಹೋಗ್ತದೆ." ಭರತ ಅಂದರೆ ಸಮುದ್ರದ ಉಬ್ಬರ. ಅವರು ಹೇಳಿದ್ದು ಸರಿ. ನೀರಿನ ಮೇಲೆ ಬಡಿದು ಬರುವ ಸಿಗ್ನಲ್ಲು ನೇರ ಬರುವ ಸಿಗ್ನಲ್ಲಿಗೆ ಅಡ್ಡ ಬರುತ್ತದೆ, ನೀರಿನ ಮಟ್ಟ ಬದಲಾದ ಹಾಗೆ ಅಡ್ಡ ಬರುವ ಹೊತ್ತೂ ಬದಲಾಗುತ್ತದೆ. ಡಿಶ್ಶಿನ ಎತ್ತರ ಏರಿಸಿದೆ, ಇಳಿಸಿದೆ. ಹೊತ್ತು ಬದಲಾಯಿತು ಅಷ್ಟೆ. ಮೂವತ್ತೈದು ಸಾವಿರ ಹೋಯಿತು. ಆಮೇಲೆ ಮೇಲಿಂದ ಕೇಬಲ್ ಎಳೆದೆ. ಮೀನಿನ ದೋಣಿಯವರು ತಗ್ಗಿತು ಎಂದರು, ಬಿಗಿ ಮಾಡಿದರೆ ಗಾಳಿಗೆ ಮರವೇ ಬಾಗಿತು. ಅದಕ್ಕೆ ಹದಿನೈದು ಸಾವಿರ.

ಮೂರನೆಯದು ಎಚ್‌ಡಿಪಿಇ ಡಕ್ಟು, ಅಂದರೆ ಕೇಬಲ್ ತೂರಿಸುವ ಗಟ್ಟಿ ಪ್ಲಾಸ್ಟಿಕ್ ಪೈಪು. ಇದಕ್ಕೆ ಖರ್ಚೂ ಜಾಸ್ತಿ, ಪಾಠವೂ ಜಾಸ್ತಿ. 40 ಮಿಲಿಮೀಟರ್ ಪೈಪನ್ನು ಹೊಳೆಯಡಿ ಹಾಕಿ ಒಳಗೆ ಮಾಮೂಲಿ ಆರ್ಮರ್ಡ್ (ಲೋಹದ ಕವಚದ) ಕೇಬಲ್. ಪೈಪು ತೇಲುತ್ತದೆ ಎಂದು ಎಲ್ಲರಿಗೂ ಗೊತ್ತು. ಒಳಗೆ ನೀರು ತುಂಬಿಸಿದರೂ ತೇಲುತ್ತದೆ ಎಂದು ಹಲವರಿಗೆ ಗೊತ್ತಿಲ್ಲ. ಆ ಪ್ಲಾಸ್ಟಿಕ್ಕಿನ ಸಾಂದ್ರತೆ 0.95ರ ಹತ್ತಿರ, ಉಪ್ಪು ನೀರಿನಲ್ಲಿ ಅದು ಇನ್ನೂ ಹಗುರ. ಹಾಗಾಗಿ ಗೊಬ್ಬರದ ಚೀಲಕ್ಕೆ ಕಾಂಕ್ರೀಟ್ ತುಂಬಿ ಅಲ್ಲಲ್ಲಿ ಕಟ್ಟಿದ್ದೆವು. ಜೂನಿನ ಮೊದಲ ನೆರೆಗೆ ಎರಡು ಚೀಲಗಳ ನಡುವಿನ ಪೈಪು ಮೇಲೆದ್ದು, ಬಂದ ಮರದ ದಿಮ್ಮಿಯನ್ನು ಹಿಡಿದುಕೊಂಡು, ಎಲ್ಲ ಸೇರಿ ಅಳಿವೆಯ ಕಡೆ ಹೊರಟಿತು. ಅರುವತ್ತು ಸಾವಿರ. ನಕ್ಕವರು ನಕ್ಕದ್ದು ಆವಾಗ.

ನಾನು ಊರಿಗೆ ಬಂದು ಈ ಲೈನ್ ಹಿಡಿಯುವ ಮೊದಲು ಯುಎಇಯ ಫುಜೈರಾದಲ್ಲಿ ಕೆಲವು ವರ್ಷ ಕೇಬಲ್ ಕೆಲಸದಲ್ಲಿದ್ದೆ. ದೊಡ್ಡ ಹುದ್ದೆ ಏನಲ್ಲ, ಬೀಚಿನ ಗ್ಯಾಂಗು. ಯುರೋಪಿನಿಂದ ಏಷ್ಯಾಕ್ಕೆ ಹೋಗುವ ಸಮುದ್ರದ ಕೇಬಲುಗಳು ದಡಕ್ಕೆ ಬರುವ ಮುಖ್ಯ ಜಾಗಗಳಲ್ಲಿ ಅದೂ ಒಂದು. ಮುಂಬಯಿಗೆ ಬರುವ ಹಲವು ಕೇಬಲುಗಳು ಅಲ್ಲಿಗೂ ಹೋಗುತ್ತವೆ. ಹಡಗು ದೂರದಲ್ಲಿ ನಿಲ್ಲುತ್ತದೆ, ಕೇಬಲಿಗೆ ಬಲೂನು ಕಟ್ಟಿ ನೀರಿನ ಮೇಲೆ ತೇಲಿಸಿ ದಡದಿಂದ ಎಳೆಯುತ್ತಾರೆ, ತುದಿಯನ್ನು ಬೀಚಿನ ಮ್ಯಾನ್‌ಹೋಲಿನಲ್ಲಿ ಬಿಗಿದ ಮೇಲೆ ಬಲೂನು ಕತ್ತರಿಸುತ್ತಾ ಹೋಗುತ್ತಾರೆ, ಕೇಬಲ್ ತಾನಾಗಿ ಕೆಳಗೆ ಕೂರುತ್ತದೆ. ಆಳ ಸಮುದ್ರದಲ್ಲಿ ಆ ಕೇಬಲು ತೋಟಕ್ಕೆ ನೀರು ಬಿಡುವ ಪೈಪಿಗಿಂತ ದಪ್ಪ ಇಲ್ಲ. ದಡದ ಹತ್ತಿರ ಮಾತ್ರ ಎರಡು ಸುತ್ತು ಉಕ್ಕಿನ ತಂತಿ ಸುತ್ತಿ ಮುಂಗೈಯಷ್ಟು ಮಾಡಿರುತ್ತಾರೆ. ಮೂರು ಸಾವಿರ ಮೀಟರ್ ಆಳದಲ್ಲಿ ಕೇಬಲನ್ನು ಯಾರು ಮುಟ್ಟುತ್ತಾರೆ? ಜಗತ್ತಿನಲ್ಲಿ ವರ್ಷಕ್ಕೆ 150ರಿಂದ 200 ಕಡೆ ಸಮುದ್ರದ ಕೇಬಲ್ ಹಾಳಾಗುತ್ತದೆ, ಅದರಲ್ಲಿ ಮುಕ್ಕಾಲು ಭಾಗಕ್ಕೆ ಕಾರಣ ಮೀನಿನ ಬಲೆ ಮತ್ತು ಲಂಗರು, ಅದೂ ಆಳ ಕಡಿಮೆ ಇರುವ ಕಡೆ. 2008ರ ಫೆಬ್ರವರಿಯಲ್ಲಿ ದುಬೈ ಹತ್ತಿರ ಫಾಲ್ಕನ್ ಕೇಬಲ್ ತುಂಡಾದಾಗ ರಿಪೇರಿ ಹಡಗಿನವರಿಗೆ ಸಿಕ್ಕಿದ್ದು ಯಾರೋ ಬಿಟ್ಟು ಹೋದ ಐದಾರು ಟನ್ನಿನ ಲಂಗರು.

ನಮ್ಮ ಹೊಳೆಯಲ್ಲೂ ಲೆಕ್ಕ ಅದೇ. ನಡು ಹೊಳೆಯಲ್ಲಿ ಕೇಬಲಿಗೆ ಏನೂ ಆಗುವುದಿಲ್ಲ. ದಡದ ಹತ್ತಿರ ದೋಣಿ ಎಳೆಯುತ್ತಾರೆ, ಗೂಟ ಹೊಡೆಯುತ್ತಾರೆ, ಮರುವಾಯಿ (ಚಿಪ್ಪುಮೀನು) ಹೆಕ್ಕುವವರು ಕಾಲಿನಲ್ಲಿ ಕೆದಕುತ್ತಾರೆ, ರಾತ್ರಿ ಹೊಯ್ಗೆ (ಮರಳು) ತೆಗೆಯುವ ದೋಣಿಯವರು ಬರುತ್ತಾರೆ. ಅದರ ಮೇಲೆ ಹೊಳೆಯೇ ದಡ ತಿನ್ನುತ್ತದೆ. ಮೊದಲು ಪೈಪು ಹಾಕಿದ್ದು ಕಡವಿನಿಂದ (ದೋಣಿ ಹತ್ತುವ ಜಾಗದಿಂದ) ಕಡವಿಗೆ, ಅತಿ ಹತ್ತಿರದ ದಾರಿ, ನೂರ ಅರುವತ್ತು ಮೀಟರಿನ ಸುಮಾರು. ಪೈಪಿನ ಸರ್ವೆ ಮಾಡಿಕೊಟ್ಟ ಪೇಟೆಯವರು ಅಲ್ಲಿಯೇ ಹಾಕಿ ಎಂದಿದ್ದರು. ದೋಣಿ ನಡೆಸುವ ಕಾಕ ಮಾತ್ರ ತಲೆ ಅಲ್ಲಾಡಿಸಿದ್ದರು: "ಅಲ್ಲಿ ಕಡೀತದೆ. ಇಲ್ಲಿ ಹೊಯ್ಗೆ ಕೂರ್ತದೆ. ಕೂರುವಲ್ಲಿ ಹಾಕಿ."

ಹೊಳೆ ತಿರುಗುವಾಗ ಹೊರಗಿನ ದಡ ಕೊರೆಯುತ್ತದೆ, ಒಳಗಿನ ದಡದಲ್ಲಿ ಹೊಯ್ಗೆ ತುಂಬುತ್ತದೆ. ನೇರ ಅಡ್ಡ ದಾಟಿದರೆ ಒಂದು ತುದಿ ಒಳದಡದಲ್ಲಿ, ಇನ್ನೊಂದು ತುದಿ ಕೊರೆತದ ಬಾಯಿಯಲ್ಲಿ. ನಾನು ಮಾಡಿದ್ದು ಈಚೆಯ ತಿರುವಿನ ಒಳದಡದಿಂದ ಹೊರಟು ಓರೆಯಾಗಿ ಹೋಗಿ ಮುಂದಿನ ತಿರುವಿನ ಒಳದಡದಲ್ಲಿ ಕುದುರಿಗೆ ಹತ್ತಿದ್ದು. ಉದ್ದ ಹೆಚ್ಚುಕಡಿಮೆ ಇಮ್ಮಡಿ. "ಮುನ್ನೂರು ಮೀಟರ್ ಕೇಬಲಿಗೆ ದುಡ್ಡು ಸುರಿಯುವ ಹುಚ್ಚ" ಎಂದವರು ಉಂಟು. ಆದರೆ ಎರಡು ತುದಿಯಲ್ಲೂ ಪ್ರತಿ ನೆರೆ ಬಂದಾಗ ಕೇಬಲಿನ ಮೇಲೆ ಹೊಯ್ಗೆ ಏರುತ್ತಾ ಹೋಗುತ್ತದೆ. ಇಡೀ ಕೆಲಸದಲ್ಲಿ ನನಗೆ ಹೆಮ್ಮೆ ಇರುವುದು ಈ ಗೆರೆಯ ಬಗ್ಗೆ. ಕಾಕನಿಗೆ ಈಗಲೂ ನೆಟ್ ಫ್ರೀ.

ಪರ್ಮಿಶನ್ನಿನ ವಿಷಯ ಉದ್ದ ಮಾಡುವುದಿಲ್ಲ. ಕರಾವಳಿ ನಿಯಮ, ಪಂಚಾಯತು, ಹೊಳೆಯ ಇಲಾಖೆ, ಎಲ್ಲ ಕಾಗದ ಆಗಬೇಕು, ಆಗದೆ ನೀರಿಗೆ ಇಳಿಯಬೇಡಿ. ಒಂದು ಕಚೇರಿಯಲ್ಲಿ ನನ್ನ ಅರ್ಜಿಯನ್ನು ಸಮುದ್ರದ ಕೇಬಲ್ ಎಂದು ತಿಳಿದು ತಿರುವನಂತಪುರಕ್ಕೆ ಕಳಿಸಿದ್ದರು. ಕೊಚ್ಚಿಯಿಂದ ಲಕ್ಷದ್ವೀಪಕ್ಕೆ 1,868 ಕಿಲೋಮೀಟರ್ ಕೇಬಲ್ ಹಾಕಿ 2024ರ ಜನವರಿ 3ರಂದು ಉದ್ಘಾಟನೆ ಆಗಿತ್ತಲ್ಲ, ನನ್ನ ಮುನ್ನೂರು ಮೀಟರನ್ನೂ ಅದರ ತಮ್ಮ ಎಂದುಕೊಂಡರೋ ಏನೋ.

ಕೇಬಲು 12 ಕೋರಿನದು, ಜೆಲ್ಲಿ ತುಂಬಿದ್ದು, ಮೇಲೆ ಸುತ್ತಲೂ ಜಿಐ ತಂತಿಯ ಆರ್ಮರ್. ತಗಡು ಸುತ್ತಿದ್ದು ಬೇಡ, ಅದು ಇಲಿಗೆ ಸಾಕು, ಎಳೆತಕ್ಕೆ ಸಾಲದು. ಮೀಟರಿಗೆ ತೊಂಬತ್ತೈದೋ ನೂರೋ ಬಿತ್ತು. ಮೀಟರ್ ಒಂದಕ್ಕೆ ಅರ್ಧ ಕಿಲೋದ ಹತ್ತಿರ ತೂಕ, ನೀರಿಗೆ ಬಿಟ್ಟರೆ ತಾನೇ ಮುಳುಗುತ್ತದೆ, ಚೀಲ ಕಟ್ಟುವ ಕೆಲಸ ಇಲ್ಲ. ತೇಲಿಸಲು ಹೋಟೆಲುಗಳಿಂದ ಖಾಲಿ ಎಣ್ಣೆ ಕ್ಯಾನು ತಂದೆವು, ಐದು ಲೀಟರಿನದು, ಎಂಟು ಹತ್ತು ಮೀಟರಿಗೊಂದು. ಗಂಟು ಒಂದೇ ಎಳೆತಕ್ಕೆ ಬಿಚ್ಚಬೇಕು. ಕತ್ತಿ ಹಿಡಿದು ಈಜುವವನನ್ನು ಕೇಬಲಿನ ಹತ್ತಿರ ಬಿಡಬೇಡಿ.

ದಿನ ಆರಿಸಿದ್ದೂ ಕಾಕನೇ. ದೀಪಾವಳಿ ಕಳೆದು ನೀರು ಇಳಿದ ಮೇಲೆ, ಅಷ್ಟಮಿಯ ಆಸುಪಾಸು. ಅಮಾವಾಸ್ಯೆ ಹುಣ್ಣಿಮೆಗೆ ಸೆಳೆತ ಜಾಸ್ತಿ, ಅಷ್ಟಮಿಗೆ ಕಡಿಮೆ. ಭರತ ತುಂಬಿ ಇಳಿತ ಶುರುವಾಗುವ ಮೊದಲು ಅರ್ಧ ಗಂಟೆ ಹೊಳೆ ನಿಂತ ಹಾಗೆ ಇರುತ್ತದೆ, ಆ ಹೊತ್ತಿನಲ್ಲಿ ಎಳೆದು ಮುಗಿಸಬೇಕು. ಡ್ರಮ್ಮು ಈಚೆ, ಹಗ್ಗ ಆಚೆ, ನಡುವೆ ಎರಡು ದೋಣಿ. ಆಚೆ ಎಳೆಯಲು ಕುದುರಿನ ಜನವೇ ಬಂದರು, ಹೆಂಗಸರು ಮಕ್ಕಳು ಸೇರಿ. ಕ್ಯಾನು ಬಿಚ್ಚಿದ್ದು ಕುದುರಿನ ಕಡೆಯಿಂದ. ಎಷ್ಟು ಸಡಿಲ ಬಿಡಬೇಕು, ಎಲ್ಲಿ ಬಿಡಬೇಕು ಎಂಬುದನ್ನು ಇಲ್ಲಿ ಬರೆಯುವುದಿಲ್ಲ; ಅದಕ್ಕೆ ನಾನು ಅರುವತ್ತು ಸಾವಿರ ಫೀಸು ಕೊಟ್ಟಿದ್ದೇನೆ.

ಇನ್ನು ದಡ. ನೀರು ಸೊಂಟ ಮುಟ್ಟುವಲ್ಲಿಂದ ಒಣ ಹೊಯ್ಗೆಯವರೆಗೆ ಕೇಬಲನ್ನು ಹೂಳಬೇಕು. ಸಲಿಕೆಯಲ್ಲಿ ತೋಡಿದರೆ ತೋಡಿದಷ್ಟೂ ತುಂಬುತ್ತದೆ. ಬದಿಯಡ್ಕದಲ್ಲಿ ಭಾವನ ಅಡಿಕೆ ತೋಟದ ಪಂಪ್‌ಸೆಟ್ ತಂದು, ಒಂದು ಇಂಚಿನ ಜಿಐ ಪೈಪಿನ ತುದಿ ಚಪ್ಪಟೆ ಮಾಡಿ, ನೀರನ್ನು ಜೋರಾಗಿ ಕೇಬಲಿನ ಬುಡಕ್ಕೆ ಬಿಟ್ಟೆವು. ಹೊಯ್ಗೆ ಗಂಜಿಯಾಗಿ ಕೇಬಲು ತನ್ನ ತೂಕಕ್ಕೆ ಇಳಿಯುತ್ತದೆ, ಪೈಪು ಮುಂದೆ ಸರಿಸಿದ ಕೂಡಲೇ ಮೇಲಿಂದ ಮುಚ್ಚುತ್ತದೆ. ಹಡಗಿನವರೂ ಕೆಲವು ಕಡೆ ನೀರು ಹಾಯಿಸಿ ಹೂಳುವುದುಂಟು, ಅವರದ್ದು ಕೋಟಿ ರೂಪಾಯಿಯ ಮೆಷಿನು. ನಮ್ಮದು ಮೂರಡಿ ಇಳಿಯಿತು, ಕೆಲವು ಕಡೆ ನಾಲ್ಕು.

ಭರತ ಇಳಿತದ ನಡುವೆ, ದಿನಾ ಒದ್ದೆ ಒಣ ಆಗುವ ಪಟ್ಟಿಯಲ್ಲಿ, ಹೂತರೆ ಸಾಲದು. ಅಲ್ಲಿ ಎರಡು ಇಂಚಿನ ಹಳೆ ಜಿಐ ಪೈಪನ್ನು ಒಂದೊಂದು ಅಡಿಗೆ ತುಂಡು ಮಾಡಿ ಕೇಬಲಿಗೆ ಮಣಿ ಪೋಣಿಸಿದ ಹಾಗೆ ಪೋಣಿಸಿದೆ. ಸಮುದ್ರದ ಕೇಬಲಿಗೆ ಎರಡು ಹೋಳಿನ ಎರಕದ ಕಬ್ಬಿಣದ ಚಿಪ್ಪು ಹಾಕಿ ಬೋಲ್ಟು ಬಿಗಿಯುತ್ತಾರೆ, ಅದು ನಮಗೆ ಸಿಗುವುದಿಲ್ಲ. ತುದಿ ಸ್ಪ್ಲೈಸ್ ಆಗುವ ಮೊದಲೇ ಪೋಣಿಸಬೇಕು, ಆಮೇಲೆ ಆಗುವುದಿಲ್ಲ. ಒಂದೊಂದು ತುಂಡಿನ ಬಾಯಿಯನ್ನೂ ಅರ ಹಾಕಿ ಉರುಟು ಮಾಡಿ. ಕತ್ತರಿಸಿದ ಪೈಪಿನ ಒಳ ಅಂಚು ಬ್ಲೇಡಿನ ಹಾಗಿರುತ್ತದೆ, ಅಲೆಗೆ ಅಲ್ಲಾಡಿ ಅಲ್ಲಾಡಿ ಕೇಬಲಿನ ಸಿಪ್ಪೆ ಸುಲಿಯುತ್ತದೆ. ನಡುನಡುವೆ ರಬ್ಬರ್ ಹೋಸಿನ ತುಂಡು. ಒಳಗೆ ಏನು ತುಂಬಿಸಿದೆ ಎಂಬುದು ಎರಡನೆಯ ಗುಟ್ಟು, ಅಡುಗೆ ಮನೆಯಲ್ಲಿ ಸಿಗುವ ವಸ್ತು ಎಂದಷ್ಟೇ ಹೇಳುತ್ತೇನೆ.

ಮ್ಯಾನ್‌ಹೋಲಿಗೆ ಬಾವಿ ರಿಂಗು, ಎರಡು ರಿಂಗು ಒಂದರ ಮೇಲೊಂದು, ನೆರೆಯ ಗುರುತಿನಿಂದ ಮೇಲೆ. ಅಲ್ಲಿ ಆರ್ಮರ್ ತಂತಿಗಳನ್ನು ಬಿಡಿಸಿ, ಹಿಂದಕ್ಕೆ ಬಗ್ಗಿಸಿ, ಎರಡು ಉಕ್ಕಿನ ಪ್ಲೇಟುಗಳ ನಡುವೆ ಇಟ್ಟು ಬೋಲ್ಟು. ಪ್ಲೇಟು ಉಪ್ಪಳದ ವೆಲ್ಡಿಂಗ್ ಶಾಪಿನಲ್ಲಿ ಮಾಡಿಸಿದ್ದು. ಹೊಳೆ ಎಷ್ಟು ಎಳೆದರೂ ಎಳೆತ ಪ್ಲೇಟಿಗೆ ಬರಬೇಕು, ಫೈಬರಿಗೆ ಬರಬಾರದು. ಈಚೆ ದಡದಲ್ಲಿ ಆರ್ಮರಿಗೆ ಅರ್ಥ್ ಕೊಟ್ಟೆ. ಕುದುರಿನ ರಿಂಗಿನಿಂದ ಮನೆಗಳಿಗೆ ಲೋಹವೇ ಇಲ್ಲದ ಕೇಬಲ್ ಹಾಕಿದೆ. ತುಲಾ ತಿಂಗಳ ಗುಡುಗಿಗೆ ಒಂದು ಒಎನ್‌ಯು (ಮನೆಯಲ್ಲಿಡುವ ನೆಟ್ಟಿನ ಪೆಟ್ಟಿಗೆ) ಕೂಡ ಸುಟ್ಟಿಲ್ಲ.

ನಡುವೆ ಒಂದು ಹುಚ್ಚು ಪ್ರಯೋಗ. ಕುದುರಿನ ದಡಕ್ಕೆ ಹೊಯ್ಗೆ ದೋಣಿ ಕಾಯಲು ಒಂದು ಕ್ಯಾಮೆರಾ ಬೇಕಿತ್ತು, ಆ ಮೂಲೆಯಲ್ಲಿ ಕರೆಂಟು ಇಲ್ಲ. ಸಮುದ್ರದ ಕೇಬಲಿನಲ್ಲಿ ಸಿಗ್ನಲ್ಲಿಗೆ ಮತ್ತೆ ಬಲ ಕೊಡುವ ರಿಪೀಟರುಗಳಿಗೆ ದಡದಿಂದಲೇ ಸಾವಿರಾರು ವೋಲ್ಟು ಡಿಸಿ ಕೊಡುತ್ತಾರೆ, ಹೋಗಲು ಒಂದೇ ತಾಮ್ರ, ವಾಪಸು ಬರಲು ಸಮುದ್ರವೇ ತಂತಿ. ನಾನೂ ಒಂದು ತಾಮ್ರದ ವಯರಿನಲ್ಲಿ 48 ವೋಲ್ಟು ಬಿಟ್ಟು ಎರಡು ದಡದಲ್ಲೂ ಜಿಐ ರಾಡು ಹೂತೆ. ಬೇಸಿಗೆಯಲ್ಲಿ ಹೊಳೆ ಉಪ್ಪಾಗಿದ್ದಾಗ ಕ್ಯಾಮೆರಾ ಸೊಗಸಾಗಿ ಓಡಿತು! ಪ್ಲಸ್ ಬದಿಯ ರಾಡು ಮಾತ್ರ ತಿಂದು ತಿಂದು ಪೆನ್ಸಿಲಾಯಿತು. ಮಳೆ ಬಂದು ಹೊಳೆ ಸಿಹಿಯಾದ ಕೂಡಲೇ ವೋಲ್ಟೇಜು ಬಿದ್ದು ಕ್ಯಾಮೆರಾ ಕಣ್ಣು ಮುಚ್ಚಿತು. ಅಷ್ಟರಲ್ಲಿ ನಾನು ಹೊಳೆಗೆ ಕರೆಂಟು ಬಿಟ್ಟು ಮೀನು ಹಿಡಿಯುತ್ತೇನೆ ಎಂದು ಸುದ್ದಿಯಾಯಿತು. ಎಲ್ಲ ಕಿತ್ತು ಸಣ್ಣ ಸೋಲಾರ್ ಪ್ಯಾನಲ್ ಹಾಕಿದೆ. ಕುದುರಿಗೆ ಕರೆಂಟೇ ಬೇಕಾದರೆ ಅದು ಸರಕಾರದ ಕೆಲಸ. ಮುಂಬಯಿಯ ಘಾರಾಪುರಿ ದ್ವೀಪಕ್ಕೆ 2018ರಲ್ಲಿ ಸಮುದ್ರದಡಿ ಏಳೂವರೆ ಕಿಲೋಮೀಟರ್ ಪವರ್ ಕೇಬಲ್ ಹಾಕಿದ ಹಾಗೆ.

ಒಟ್ಟು ಖರ್ಚು: ಕೇಬಲಿಗೆ ಮೂವತ್ತಮೂರು ಸಾವಿರ, ರಿಂಗು ಪೈಪು ಪ್ಲೇಟಿಗೆ ಹನ್ನೆರಡು, ದೋಣಿ ಮತ್ತು ಕೂಲಿಗೆ ಹದಿನೆಂಟು, ಕ್ಲೋಶರ್ (ಜೋಡಣೆಯ ಡಬ್ಬಿ), ಸ್ಪ್ಲಿಟರ್ (ಒಂದು ಫೈಬರಿನ ಬೆಳಕನ್ನು ಹಲವು ಮನೆಗೆ ಹಂಚುವುದು), ಊಟ ಚಾ ಎಲ್ಲ ಸೇರಿ ಎಂಬತ್ತರ ಒಳಗೆ ನಿಂತಿತು. ಅದಕ್ಕೂ ಮೊದಲು ಹೊಳೆಗೆ ಹಾಕಿದ್ದು ಒಂದು ಲಕ್ಷದ ಮೇಲೆ. ಇಪ್ಪತ್ತು ಇಪ್ಪತ್ತೆರಡು ಮನೆ, ತಿಂಗಳಿಗೆ ಐನೂರು. ಮನೆಗಳಲ್ಲಿ ಬೆಳಕಿನ ಪವರ್ ಮೈನಸ್ 19, 20 ಡಿಬಿಎಮ್ಮಿನ ಹತ್ತಿರ ಬರುತ್ತದೆ, ಮೈನಸ್ 27ರವರೆಗೆ ಇಳಿದರೂ ಪೆಟ್ಟಿಗೆ ಸಹಿಸುತ್ತದಾದ್ದರಿಂದ ಬೇಕಾದಷ್ಟು ಬಾಕಿ ಉಂಟು. ಪ್ರತಿ ನೆರೆ ಇಳಿದ ಮೇಲೆ ಒಟಿಡಿಆರ್ ಹಾಕಿ ನೋಡುತ್ತೇನೆ, 1310 ನ್ಯಾನೋಮೀಟರ್ ಬೆಳಕಿನಲ್ಲಿ ಅಲ್ಲ, 1550ರಲ್ಲಿ. ಎಲ್ಲಾದರೂ ಕೇಬಲ್ ಮಡಚುತ್ತಾ ಇದ್ದರೆ ಅದರಲ್ಲಿ ಮೊದಲು ಕಾಣುತ್ತದೆ. ಈಚೆಯ ದಡದಲ್ಲಿ ಈಗ ಕೇಬಲು ಎಷ್ಟು ಆಳದಲ್ಲಿದೆ ಎಂದು ಕಬ್ಬಿಣದ ಸರಳು ಚುಚ್ಚಿ ನೋಡಿದೆ, ಐದಡಿಗೂ ಸಿಗಲಿಲ್ಲ.

ಮೊಗ್ರಾಲ್ ಹೊಳೆಯ ಕಡೆಯವರೊಬ್ಬರು ಮೀಟರಿಗೆ ಎಷ್ಟು ಎಂದು ಕೇಳಿದ್ದಾರೆ. ಮೀಟರಿನ ಲೆಕ್ಕದಲ್ಲಿ ನಾನು ಒಪ್ಪುವುದಿಲ್ಲ. ಒಂದು ದಡಕ್ಕೆ ಇಷ್ಟು ಎಂದು ರೇಟು, ನಡುವಿನ ಹೊಳೆ ಫ್ರೀ. ದಡ ನೋಡದೆ ಆ ರೇಟನ್ನೂ ಹೇಳುವುದಿಲ್ಲ, ಮತ್ತು ನೋಡಲು ಬರುವುದಾದರೆ ಒಂದು ನೆರೆ ಬಂದು ಇಳಿದ ಮೇಲೆಯೇ ಬರುತ್ತೇನೆ.